ತಗ್ಗದ ಸೀಟು

ಸೈಕಲ್ಲು ಗೋಡೆಯಿಂದ ಇಳಿದ ದಿನವೇ ಮನೆಯಲ್ಲಿ ಕಿರಿಕಿರಿ ಶುರುವಾಯಿತು.

ಬೆತ್ತದಜ್ಜನ ಮನೆಯಲ್ಲಿ ಬೀದಿಬಾಗಿಲಿನಿಂದ ಅಡುಗೆಮನೆಯವರೆಗೆ ಒಂದು ಉದ್ದನೆಯ, ಇಕ್ಕಟ್ಟಾದ ನಡುಹಾದಿ. ಅದರ ಗೋಡೆಗೆ ಹೊಡೆದ ಎರಡು ದಪ್ಪ ಕೊಕ್ಕೆಗಳ ಮೇಲೆ ಆ ಸೈಕಲ್ಲು ವರ್ಷಾನುಗಟ್ಟಲೆ ತೂಗಿಕೊಂಡಿತ್ತು. ಹಾದುಹೋಗುವಾಗಲೆಲ್ಲ ಪೆಡಲು ಅಜ್ಜಿಯ ಭುಜಕ್ಕೆ ತಗುಲುತ್ತಿತ್ತು. ಅಜ್ಜಿ ಅದಕ್ಕೆ ಬೈಯುತ್ತಿದ್ದಳು, ಬೈದು ಅದರ ಹ್ಯಾಂಡಲ್ಲಿನ ಮೇಲೆಯೇ ಒದ್ದೆ ಟವೆಲು ಹರವುತ್ತಿದ್ದಳು. ಈಗ ಅಳಿಯ ಹೊಸದಾಗಿ ಒಂದು ಕಾಫಿ ಅಂಗಡಿ ತೆರೆದಿದ್ದ. ಗೋಡೆಗೆ ಹಳೆಯ ಸಾಮಾನು ನೇತುಹಾಕಿದರೆ ಗಿರಾಕಿಗಳು ಮುಗಿಬೀಳುತ್ತಾರೆ ಎಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು.

"ಮಾವ, ನಿಮ್ಮ ಸೈಕಲ್ ಕೊಟ್ಬಿಡಿ. ಬಾಗಿಲ ಎದುರಿಗೇ ಹಾಕ್ತೀನಿ. ಒಳಗೆ ಬಂದವರ ಕಣ್ಣಿಗೆ ಮೊದಲು ಅದೇ ಬೀಳ್ಬೇಕು," ಎಂದ.

"ಕೊಡಿ ಅತ್ಲಾಗೆ," ಎಂದಳು ಅಜ್ಜಿ. "ಇಲ್ಲೂ ಗೋಡೆ ಮೇಲೇ ಇದೆ, ಅಲ್ಲೂ ಗೋಡೆ ಮೇಲೇ ಇರತ್ತೆ. ನನ್ನ ಭುಜಕ್ಕಾದ್ರೂ ಸುಖ ಸಿಗಲಿ."

ಅಜ್ಜ ಮೀಸೆ ಸವರಿಕೊಂಡ. "ಕೊಡ್ತೀನಿ. ಆದ್ರೆ ಹೀಗೆ ಹೆಣದ ಥರ ಕೊಡಲ್ಲ. ರಿಪೇರಿ ಮಾಡಿ, ಒಂದೇ ಒಂದು ಸಲ ಸೇತುವೆ ತನಕ ಹೋಗಿ ಬಂದು, ಆಮೇಲೆ ಕೊಡ್ತೀನಿ."

"ಯಾರ್ರೀ ಹೋಗಿ ಬರೋದು?"

"ಇನ್ಯಾರು, ನಿಮ್ಮಪ್ಪ ಬರ್ತಾನಾ?"

ಸೇತುವೆ ಎಂದರೆ ಊರಾಚೆಯ ಹೊಳೆಯ ಸೇತುವೆ. ಅಜ್ಜ ಆಳಾಗಿ ದುಡಿದಷ್ಟು ಕಾಲವೂ ಬೆತ್ತದ ಕುರ್ಚಿಗಳ ಕಾರ್ಖಾನೆಯಲ್ಲೇ ದುಡಿದವನು. ಬಿರುಬೇಸಿಗೆಯಲ್ಲಿ ಬೆತ್ತ ಒಣಗಿ, ಬಗ್ಗಿಸಿದರೆ ಟಪ್ಪೆಂದು ಮುರಿಯುತ್ತದೆ. ಹಾಗಾಗಿ ಆ ದಿನಗಳಲ್ಲಿ ಮಾಲೀಕ ಕಾರ್ಖಾನೆಗೆ ಬೀಗ ಹಾಕುತ್ತಿದ್ದ. ಬೀಗ ಬಿದ್ದ ಮರುದಿನ ಅಜ್ಜ ಕ್ಯಾರಿಯರಿಗೆ ಹಾಸಿಗೆಸುರುಳಿ ಕಟ್ಟಿ ಹೊರಟುಬಿಡುತ್ತಿದ್ದ. ಸೇತುವೆಯ ಮೇಲೆ ಒಮ್ಮೆ ನಿಂತು ಹಗ್ಗ ಬಿಗಿಮಾಡಿಕೊಳ್ಳುವುದು, ಅಲ್ಲಿಂದ ಮುಂದೆ ರಸ್ತೆ ಎಲ್ಲಿಗೆ ಕರೆದರೆ ಅಲ್ಲಿಗೆ. ಬೆಟ್ಟ ಹತ್ತಿದ್ದಾನೆ, ಸಮುದ್ರ ಕಂಡಿದ್ದಾನೆ, ಅಕ್ಷರ ಗೊತ್ತಿಲ್ಲದ ಊರುಗಳಲ್ಲಿ ದಾರಿ ಕೇಳಿದ್ದಾನೆ. ಒಂದು ಸಲ ಅಜ್ಜಿಯನ್ನೂ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಹೋಗಿದ್ದ. ಆಗ ಹಿಡಿದ ಸೊಂಟನೋವು ಇನ್ನೂ ಬಿಟ್ಟಿಲ್ಲ ಎಂದು ಅವಳು ಇವತ್ತಿಗೂ ಹೇಳುತ್ತಾಳೆ.

ಕೊಕ್ಕೆಯಿಂದ ಇಳಿಸಿ ನೋಡಿದರೆ ಸೈಕಲ್ಲಿನ ಸ್ಥಿತಿ ನೋಡುವಂತಿರಲಿಲ್ಲ. ಚೈನು ತುಕ್ಕು ಹಿಡಿದು ಕೋಲಿನಂತೆ ಸೆಟೆದು ನಿಂತಿತ್ತು. ಟೈರು ಮುಟ್ಟಿದರೆ ಉದುರುತ್ತಿತ್ತು. ಬೀದಿಯ ತುದಿಯ ಸೈಕಲ್ ಶಾಪಿನವನನ್ನು ಎಲ್ಲರೂ ನಟ್ಟಣ್ಣ ಎನ್ನುತ್ತಿದ್ದರು. ಯಾವಾಗಲೂ ತುಟಿಯ ಸಂದಿಯಲ್ಲಿ ಒಂದು ನಟ್ಟು ಕಚ್ಚಿಕೊಂಡೇ ಮಾತಾಡುವ ಮನುಷ್ಯ.

"ಈ ಅಳತೆ ಟೈರು ಈಗ ಬರಲ್ಲ ಅಜ್ಜಾರೆ," ಎಂದ.

"ಬರಲ್ಲ ಅಂದ್ರೆ? ರಸ್ತೆ ಇನ್ನೂ ಇದೆಯಲ್ಲ?"

"ರಸ್ತೆ ಇದೆ. ಟೈರಿಲ್ಲ."

ಎಲ್ಲೆಲ್ಲೋ ಹೇಳಿಸಿ, ಕಾಯಿಸಿ, ಕೊನೆಗೆ ಕೊಂಚ ದಪ್ಪನೆಯ ಟೈರು ಬಂತು. ಅಜ್ಜ ಮನೆಯ ನಡುಹಾದಿಯಲ್ಲೇ ಹಳೆಯ ಚಾದರ ಹಾಸಿಕೊಂಡು ಕೂತ. ಚೈನನ್ನು ಸೀಮೆಎಣ್ಣೆಯಲ್ಲಿ ಅದ್ದಿ ಕೊಂಡಿಕೊಂಡಿಯಾಗಿ ಉಜ್ಜಿದ. ಬೇರಿಂಗಿನ ಗುಂಡುಗಳು ಕೈಜಾರಿ ಅಡುಗೆಮನೆಯವರೆಗೆ ಉರುಳಿದವು. ಅಜ್ಜಿ ಒಂದನ್ನು ಸಾಸಿವೆ ಡಬ್ಬಿಯ ಪಕ್ಕದಲ್ಲಿ ಹಿಡಿದಳು, ಇನ್ನೊಂದನ್ನು ಪೊರಕೆ ಹಿಡಿಯಿತು, ಮತ್ತೊಂದು ಸಿಗಲೇ ಇಲ್ಲ. ಚಕ್ರದ ಓಲಾಟ ತೆಗೆಯಲು ಒಂದು ಕಡ್ಡಿ ಬಿಗಿಮಾಡಿದರೆ ಚಕ್ರ ಆ ಕಡೆಗೆ ವಾಲಿತು, ಅದರೆದುರಿನದನ್ನು ಬಿಗಿಮಾಡಿದರೆ ಈ ಕಡೆಗೆ. ಅಜ್ಜನ ತಾಳ್ಮೆ ಊರಿಗೇ ಗೊತ್ತಿದ್ದ ಸಂಗತಿ, ಆದರೆ ಆ ಚಕ್ರದ ಮುಂದೆ ಅವನ ಬಾಯಿಂದಲೂ ಎರಡು ಬೈಗುಳ ಬಂದವು.

ಆಮೇಲೆ ಸೀಟಿನ ಸರದಿ. ಅದು ಚರ್ಮದ ಸೀಟು, ಅಜ್ಜ ಕೂರುವ ರೀತಿಯನ್ನೇ ಕಲಿತುಕೊಂಡಿದ್ದ ಸೀಟು. ಅವನು ಎಡಕ್ಕೆ ವಾಲಿ ತುಳಿಯುತ್ತಿದ್ದುದರಿಂದ ಎಡಗಡೆ ಕೊಂಚ ಹೆಚ್ಚು ತಗ್ಗು. ಈಗ ಒಣಗಿ ಬಿರುಕು ಬಿಟ್ಟಿತ್ತು. ಬೆತ್ತದವನಿಗೆ ಒಣಗಿದ್ದಕ್ಕೆಲ್ಲ ಒಂದೇ ಮದ್ದು, ಅದು ನೀರು. ಅಜ್ಜ ಸ್ಪ್ಯಾನರಿನಿಂದ ಸೀಟನ್ನು ಬಿಚ್ಚಿ ಬಕೀಟಿನಲ್ಲಿ ಮುಳುಗಿಸಿ, ತೇಲದಂತೆ ಮೇಲೊಂದು ಕಲ್ಲಿಟ್ಟ. ಬೆಳಗಾಗುವಷ್ಟರಲ್ಲಿ ಚರ್ಮ ಮೆತ್ತಗಾಗಿತ್ತು. ಹೆಬ್ಬೆರಳಿನಿಂದ ಒತ್ತಿ, ತೀಡಿ, ಆಕಾರಕ್ಕೆ ತಂದು, ಬೆತ್ತವನ್ನು ಇಡುವ ಹಾಗೆಯೇ ಬಿಸಿಲಿಗಿಟ್ಟ. ಮಧ್ಯಾಹ್ನ ಹೋಗಿ ನೋಡಿದರೆ ಸೀಟಿನ ಮೂತಿ ಮೇಲಕ್ಕೆ ಸೊಟ್ಟಗೆ ತಿರುಗಿಕೊಂಡು, ಅಂಚು ಮುದುಡಿ, ಕಲ್ಲಿನಂತಾಗಿತ್ತು. ತಿದ್ದಹೋದರೆ ನಡುಮಧ್ಯೆ ಸೀಳಿತು.

"ಚರ್ಮ ಕಣ್ರೀ ಅದು, ಬೆತ್ತ ಅಲ್ಲ. ಯಾವತ್ತಾದ್ರೂ ಚಪ್ಪಲಿ ನೆನೆಸಿ ಬಿಸಿಲಿಗೆ ಇಟ್ಟಿದ್ದೀರಾ?"

"ಮುಂಚೇನೇ ಹೇಳಬಾರದಿತ್ತಾ?"

"ಬಕೀಟಲ್ಲಿ ಏನೋ ನೆನೆಹಾಕಿದ್ದೀರಿ, ದೊಡ್ಡ ಮನಸ್ಸು ಮಾಡಿ ನಿಮ್ಮ ಬನಿಯನ್ ನೀವೇ ಒಗೀತೀರಿ ಅಂದ್ಕೊಂಡೆ."

ಅಜ್ಜ ಹರಿದ ಚರ್ಮವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಎಡಗಡೆಯ ತಗ್ಗು ಎಲ್ಲಿತ್ತು ಎಂದೇ ಈಗ ತಿಳಿಯುತ್ತಿರಲಿಲ್ಲ. ಎದ್ದು, ಅಟ್ಟದಿಂದ ಬೆತ್ತದ ಕಟ್ಟನ್ನು ಇಳಿಸಿದ.

ಸೀಟಿನ ಸ್ಪ್ರಿಂಗು, ಕಬ್ಬಿಣದ ಚೌಕಟ್ಟು ಗಟ್ಟಿಯಾಗಿಯೇ ಇದ್ದವು. ಅದರ ಸುತ್ತ ದಪ್ಪ ಬೆತ್ತವನ್ನು ಬಗ್ಗಿಸಿ ಕಟ್ಟಿದ, ಸಣ್ಣ ಎಳೆಗಳನ್ನು ನೆನೆಸಿ ನೆಯ್ದ. ಈ ಕೆಲಸದಲ್ಲಿ ಮಾತ್ರ ಕೈ ಎಲ್ಲೂ ತಡವರಿಸಲಿಲ್ಲ. ನೆಯ್ಗೆ ಎಷ್ಟು ಬಿಗಿಯಾಗಿ ಬಂತೆಂದರೆ ಬೆರಳಿಂದ ಬಾರಿಸಿದರೆ ದಮ್ ಎನ್ನುತ್ತಿತ್ತು. ಅಜ್ಜಿ ಹಾದುಹೋಗುವಾಗ ತಾನೂ ಒಮ್ಮೆ ಬಾರಿಸಿ ಹೋದಳು.

ಸೀಟು ಕೂರಿಸಿ, ಸೈಕಲ್ಲನ್ನು ಗೋಡೆಗೆ ಒರಗಿಸಿ, ಅಜ್ಜ ಮಣೆಯ ಮೇಲೆ ನಿಂತು ಹತ್ತಿ ಕೂತ. ಬಲಗಾಲು ಪೆಡಲಿನ ಮೇಲೆ. ಪೆಡಲು ಕೆಳಗಿಳಿಯಿತು. ಕಾಲು ಅದರ ಜೊತೆ ಇಳಿಯಿತು, ಇಳಿಯಿತು, ಕೊನೆಯಲ್ಲಿ ಪಾದದಿಂದ ಪೆಡಲು ಬಿಟ್ಟುಹೋಯಿತು. ಎಡಗಾಲಿಗೂ ಅದೇ ಗತಿ. ಪಾದ ಗಾಳಿಯಲ್ಲಿ ತಡಕಾಡಿತು.

"ಸೀಟು ಎತ್ತರ ಆಗಿದೆ," ಎಂದ ಅಜ್ಜ. ಬೆತ್ತದ ಸೀಟನ್ನು ಹಳೆಯ ಚರ್ಮದ ಪಕ್ಕ ಇಟ್ಟು ಅಳೆದ. ಬೆತ್ತದ್ದೇ ಒಂದು ಕೂದಲೆಳೆ ತಗ್ಗಾಗಿತ್ತು. "ಹಾಗಾದ್ರೆ ಟೈರು. ದಪ್ಪ ಟೈರು ಹಾಕಿ ಹಾಳು ಮಾಡಿದ ಆ ನಟ್ಟಣ್ಣ."

"ಟೈರು ದಪ್ಪ ಆದ್ರೆ ಪೆಡಲೂ ಮೇಲೆ ಬರಲ್ವೇನ್ರೀ?" ಎಂದಳು ಅಜ್ಜಿ.

ಸರಿ, ಸೀಟನ್ನು ಎರಡು ಬೆರಳು ತಗ್ಗಿಸಿದರೆ ಮುಗಿಯಿತಲ್ಲ. ಸೀಟಿನ ಕಂಬಿ ಫ್ರೇಮಿನ ಕೊಳವೆಯೊಳಗೆ ಇಳಿದಿರುತ್ತದೆ. ಬಿಗಿಮಾಡುವ ಬೋಲ್ಟನ್ನು ಸಡಿಲಿಸಿ ಮೇಲಿಂದ ಒಂದೇಟು ಕೊಟ್ಟರೆ ಇಳಿಯಬೇಕು. ಅಜ್ಜ ಬೋಲ್ಟು ಸಡಿಲಿಸಿದ. ಏಟು ಕೊಟ್ಟ. ಜಪ್ಪಯ್ಯ ಎಂದರೂ ಕಂಬಿ ಅಲುಗಲಿಲ್ಲ. ಸೀಮೆಎಣ್ಣೆ ಸುರಿದು ಕಾದ. ಮರದ ತುಂಡಿಟ್ಟು ಸುತ್ತಿಗೆಯಿಂದ ಬಡಿದ. ಕೆಟಲಿನಲ್ಲಿ ಕುದಿನೀರು ತಂದು ಕೊಳವೆಯ ಮೇಲೆ ಹೊಯ್ದ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಸೀಟನ್ನು ಎರಡೂ ಮಂಡಿಗಳ ನಡುವೆ ಹಿಡಿದು ತಿರುಚಿದ. ತಿರುಚಿದ್ದು ಸೊಂಟ, ಕಂಬಿಯಲ್ಲ. ಮನೆಯ ಅನ್ನ, ನೀರು, ದಿಂಬು ಎಲ್ಲಕ್ಕೂ ಸೀಮೆಎಣ್ಣೆಯ ವಾಸನೆ ಹತ್ತಿತು.

"ಅಳಿಯ ಫೋನ್ ಮಾಡಿದ್ದ. ಗೋಡೆಗೆ ಮೊಳೆ ಹೊಡೆದಾಯ್ತಂತೆ," ಎಂದಳು ಅಜ್ಜಿ.

"ಆ ಮೊಳೆಗೆ ತನ್ನ ಅಂಗಿ ನೇತುಹಾಕ್ಕೊಳ್ಳಲಿ!"

ಕೊನೆಗೆ ಸೈಕಲ್ಲನ್ನು ನಟ್ಟಣ್ಣನ ಬಳಿಗೆ ತಳ್ಳಿಕೊಂಡು ಹೋದ. ನಟ್ಟಣ್ಣ ಕಂಬಿಯನ್ನು ಬೆಂಚಿಗೆ ಜೋಡಿಸಿದ್ದ ಕಬ್ಬಿಣದ ಇಕ್ಕಳದಲ್ಲಿ ಕಚ್ಚಿಸಿ, ಇಡೀ ಫ್ರೇಮನ್ನೇ ಹಿಡಿದು ತಿರುಗಿಸಲು ನೋಡಿದ. ಪಕ್ಕದ ಅಂಗಡಿಯವನೂ ಕೈಕೊಟ್ಟ. ಇಬ್ಬರ ಮುಖ ಕೆಂಪಾಯಿತು, ಬೆಂಚು ನೆಲದಿಂದ ಎದ್ದಿತು, ಕಂಬಿ ಮಾತ್ರ ಅಲ್ಲೇ. ನಟ್ಟಣ್ಣ ಬಾಯಿಂದ ನಟ್ಟು ತೆಗೆದ. ಹಾಗೆ ತೆಗೆಯುವುದು ಅಪರೂಪ.

"ತುಕ್ಕು ಹಿಡಿದು ಎರಡೂ ಒಂದೇ ಆಗಿಹೋಗಿವೆ ಅಜ್ಜಾರೆ. ಕೊಯ್ದುಬಿಡೋಣ. ಇಲ್ಲಿ ಕೊಯ್ದು, ಗಿಡ್ಡ ಮಾಡಿ, ಬೆಸುಗೆ ಹಾಕ್ತೀನಿ. ಆರಾಮಾಗಿ ಕಾಲು ಎಟುಕತ್ತೆ." ಆಮೇಲೆ ದನಿ ತಗ್ಗಿಸಿ, ಮೆಲ್ಲಗೆ ಹೇಳಿದ: "ಸೈಕಲ್ಲಿಗೆ ವಯಸ್ಸಾಗಿದೆ ನೋಡಿ, ಹಿಂಗೆಲ್ಲ ಆಗತ್ತೆ."

ಆ ದನಿ ಅಜ್ಜನಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವನದೇ ದನಿ. ಕಾರ್ಖಾನೆಗೆ ವಯಸ್ಸಾದವರು ತಮ್ಮ ಕುರ್ಚಿ ಹೊರಿಸಿಕೊಂಡು ಬರುತ್ತಿದ್ದರು. "ಯಾಕೋ ಈ ಕುರ್ಚಿ ಎತ್ತರ ಆಗಿಬಿಟ್ಟಿದೆ ಕಣಪ್ಪ, ಕಾಲು ನೆಲಕ್ಕೆ ತಾಗಲ್ಲ," ಎನ್ನುತ್ತಿದ್ದರು. ಕುರ್ಚಿ ಎಲ್ಲಾದರೂ ಬೆಳೆಯುತ್ತದೆಯೇ? ಬೆಳೆಯುವುದಿಲ್ಲ ಎಂದು ಅಜ್ಜ ಒಬ್ಬರಿಗೂ ಹೇಳಿದವನಲ್ಲ. "ಹೌದು ಯಜಮಾನ್ರೆ, ಹಳೇ ಮರ, ಹಿಂಗೆಲ್ಲ ಆಗತ್ತೆ," ಎಂದು ಮೆಲ್ಲಗೆ ಹೇಳಿ, ನಾಲ್ಕೂ ಕಾಲುಗಳನ್ನು ಬೆರಳಗಲ ಕೊಯ್ದು ಕೊಡುತ್ತಿದ್ದ. ಅವರು ಕೂತು, ಪಾದ ಊರಿ, ಖುಷಿಯಾಗುತ್ತಿದ್ದರು. ಅವರು ಹೋದ ಮೇಲೆ ಕೊಯ್ದ ತುಂಡುಗಳನ್ನು ಒಲೆಗೆ ಹಾಕುತ್ತಿದ್ದ.

"ಕೊಯ್ಯೋದು ಬೇಡ," ಎಂದ ಅಜ್ಜ.

"ಅಯ್ಯೋ, ಅಜ್ಜಾರೆ, ಒಂದೇ ನಿಮಿಷದ ಕೆಲಸ."

"ಬೇಡ ಅಂದ್ನಲ್ಲ! ಗರಗಸ ಒಳಗಿಡು."

ಅಷ್ಟು ಜೋರಾಗಿ ಅವನು ಯಾರ ಮೇಲೂ ಕೂಗಿದವನಲ್ಲ. ನಟ್ಟಣ್ಣ ನಟ್ಟನ್ನು ಮತ್ತೆ ಬಾಯಿಗೆ ಹಾಕಿಕೊಂಡ.

ಮನೆಗೆ ಬಂದರೆ ಅಜ್ಜನ ತಂಗಿಯ ಮಗಳು ಬಂದಿದ್ದಳು. ಮನೆಮನೆಗೆ ನಡೆದು ಕರೆಂಟು ಮೀಟರ್ ಓದುವುದು ಅವಳ ಕೆಲಸ. ಈ ಬೀದಿಯ ಸರದಿ ಬಂದಾಗ ಅಜ್ಜಿಯ ಬಳಿ ನೀರು ಕುಡಿದು, ಸವೆದ ಚಪ್ಪಲಿಯನ್ನು ಶಪಿಸಿ ಹೋಗುತ್ತಿದ್ದಳು. ಎಷ್ಟೇ ಎತ್ತರದ ಮೀಟರನ್ನೂ ಸ್ಟೂಲಿಲ್ಲದೆ ಓದುತ್ತಿದ್ದುದರಿಂದ ಮನೆಮಂದಿಗೆಲ್ಲ ಅವಳು ಏಣಿ.

"ಏಣೀ, ಬಾ ಇಲ್ಲಿ. ಸೈಕಲ್ ಹಿಡ್ಕೋ," ಎಂದ ಅಜ್ಜ.

"ರೀ, ಬೇಡ," ಎಂದಳು ಅಜ್ಜಿ.

"ಸೇತುವೆ ತನಕ ಅಂದಿದ್ದೀನಿ. ಅಂದ್ಮೇಲೆ ಹೋಗ್ತೀನಿ."

ಮಣೆ ಬೀದಿಗೆ ಬಂತು. ಅಜ್ಜ ಹತ್ತಿದ. ಏಣಿ ಹಿಂದಿನಿಂದ ಕ್ಯಾರಿಯರ್ ಹಿಡಿದು ನೂಕಿದಳು. ಪೆಡಲು ಮೇಲೆ ಬಂದಾಗ ತುಳಿದ, ಕೆಳಗೆ ಹೋದಾಗ ಕಳೆದುಕೊಂಡ. ತುಳಿದ, ಕಳೆದುಕೊಂಡ. ಮುಖಕ್ಕೆ ಗಾಳಿ ಬಡಿಯಿತು. ಆ ಗಾಳಿ ಹಳೆಯ ಗಾಳಿಯೇ.

"ಬಿಡಬೇಡ! ಏ, ಬಿಡಬೇಡ!"

"ಬಿಟ್ಟಿಲ್ಲ ಮಾವ! ನೀವು ಹ್ಯಾಂಡಲ್ ನೋಡಿ, ನನ್ನ ನೋಡಬೇಡಿ!"

ದೀಪದ ಕಂಬದ ಹತ್ತಿರ ಪೆಡಲು ಸುತ್ತಿ ಬಂದು ಮೊಣಕಾಲಿನ ಕೆಳಗೆ ಹೊಡೆಯಿತು. ಸೈಕಲ್ಲು ವಾಲಿತು. ನೆಲಕ್ಕೆ ಕಾಲು ಊರಲು ನೋಡಿದ, ನೆಲ ಸಿಗಲಿಲ್ಲ. ಏಣಿ ಬರಸೆಳೆದು ಹಿಡಿಯದಿದ್ದರೆ ಮೂತಿ ಒಡೆಯುತ್ತಿತ್ತು. ಅಜ್ಜ ಕಂಬ ಹಿಡಿದುಕೊಂಡು ಏದುಸಿರು ಬಿಟ್ಟ. ಮನೆ ಅಲ್ಲೇ ಕಾಣುತ್ತಿತ್ತು. ಬಾಗಿಲಲ್ಲಿ ನಿಂತ ಅಜ್ಜಿಯ ಮುಖವೂ ಕಾಣುತ್ತಿತ್ತು. ಇಷ್ಟು ದಿನದ ಉಜ್ಜಾಟ, ಬಡಿದಾಟ, ಸೀಮೆಎಣ್ಣೆ, ಎಲ್ಲ ಸೇರಿ ದೀಪದ ಕಂಬದವರೆಗೆ.

ಏಣಿ ಸೈಕಲ್ಲನ್ನು ಸೊಂಟಕ್ಕೆ ಒರಗಿಸಿಕೊಂಡು ನಿಂತಿದ್ದಳು. ಅಜ್ಜನ ಕಣ್ಣು ಅಭ್ಯಾಸಬಲದಿಂದ ಅವಳ ಕಾಲನ್ನು ಅಳೆಯಿತು. ಕುರ್ಚಿ ಮಾಡಿಸಲು ಬಂದವರನ್ನು ಅಳೆಯುತ್ತಿದ್ದ ಹಾಗೆ, ಸೊಂಟದಿಂದ ಹಿಮ್ಮಡಿಯವರೆಗೆ, ಒಂದೇ ನೋಟದಲ್ಲಿ.

"ನೀನು ಹತ್ತು," ಎಂದ.

"ನಾನಾ?"

"ಹತ್ತು ಅಂದ್ರೆ ಹತ್ತು. ಮಾತು ಬೇಡ."

ಅವಳು ಹತ್ತಿದಳು, ಮಣೆಯಿಲ್ಲದೆ. ಪೆಡಲು ಕೆಳಗಿಳಿಯಿತು, ಪಾದ ಅದರ ಜೊತೆಗೇ ಇಳಿದು, ಕೆಳಗೆ ನಿಂತು, ಜೊತೆಗೇ ಮೇಲೆ ಬಂತು. ಮೊಣಕಾಲು ಎಷ್ಟು ಬಾಗಬೇಕೋ ಅಷ್ಟೇ ಬಾಗಿತ್ತು. ಒಂದು ಬೆರಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಅಜ್ಜನಿಗೆ ಯಾಕೋ ಇನ್ನಷ್ಟು ಸಿಟ್ಟು ಬಂತು.

"ಸೇತುವೆ ತನಕ ಹೋಗಿ ಬಾ. ಮಧ್ಯೆ ಎಲ್ಲೂ ಇಳೀಬೇಡ."

ಅವಳು ಹೋದಳು. ಅಜ್ಜ ಮಣೆಯನ್ನು ಬಾಗಿಲ ಬಳಿ ಹಾಕಿಕೊಂಡು ಕೂತ. ಇಷ್ಟು ಹೊತ್ತೇಕೆ ಎಂದು ಗೊಣಗಿದ. ಬ್ರೇಕು ಗಟ್ಟಿ ಇಲ್ಲವೆಂದು ಹೇಳಲಿಲ್ಲವಲ್ಲ ಎಂದು ಎದ್ದ, ಕೂತ. ಅವಳು ತಿರುಗಿ ಬಂದಾಗ ಕೂದಲೆಲ್ಲ ಕೆದರಿತ್ತು, ಮುಖ ಅರಳಿತ್ತು.

"ಮಾವ, ಸೀಟು ಕಿರ್ ಕಿರ್ ಅಂತ ಮಾತಾಡತ್ತೆ!"

"ಅದು ಒಣಗಿದೆ. ಆಗಾಗ ನೀರು ಚಿಮುಕಿಸ್ಬೇಕು. ಇದು ಬೆತ್ತ, ಇದಕ್ಕೆ ನೀರು ಹಾಕಬಹುದು." ಅಜ್ಜ ಅಜ್ಜಿಯ ಕಡೆ ನೋಡಲಿಲ್ಲ. "ಸೇತುವೆ ಮೇಲೆ ನಿಂತಿದ್ಯಾ?"

"ನಿಂತಿದ್ದೆ. ಆ ಕಡೆ ರಸ್ತೆ ಎಲ್ಲಿಗೆ ಹೋಗತ್ತೆ ಮಾವ?"

ಅಜ್ಜ ಮಣೆಯಿಂದ ಎದ್ದ. "ಹೋಗಿ ನೋಡು. ತಗೊಂಡು ಹೋಗು ಇದನ್ನ. ಮೀಟರ್ ಓದೋಕೆ ಇನ್ಮೇಲೆ ಇದರ ಮೇಲೇ ಹೋಗು. ಆದ್ರೆ ಒಂದು ಮಾತು, ಸೀಟು ತಗ್ಗಿಸೋಕೆ ಹೋಗಬೇಡ. ನಟ್ಟಣ್ಣ ಗರಗಸ ಹಿಡ್ಕೊಂಡು ಬಂದ್ರೆ ಕೈ ಮುರೀತೀನಿ ಅಂತ ಹೇಳು."

"ಅಳಿಯನಿಗೆ ಏನು ಹೇಳ್ತೀರಿ?" ಎಂದಳು ಅಜ್ಜಿ.

"ಗೋಡೆಗೆ ಒಂದು ಕನ್ನಡಿ ಹಾಕ್ಕೊಳ್ಳೋಕೆ ಹೇಳು. ಒಳಗೆ ಬಂದವರು ಮೊದಲು ತಮ್ಮನ್ನ ನೋಡ್ಕೊಳ್ಳಲಿ."

ಈಗ ನಡುಹಾದಿಯಲ್ಲಿ ಕೊಕ್ಕೆಗಳು ಮಾತ್ರ ಉಳಿದಿವೆ. ಒಂದರ ಮೇಲೆ ಅಜ್ಜಿ ಟವೆಲು ಹಾಕುತ್ತಾಳೆ, ಇನ್ನೊಂದರ ಮೇಲೆ ಛತ್ರಿ. ಅಲ್ಲಿ ಹಾದುಹೋಗುವಾಗ ಏನೂ ತಗುಲದಿದ್ದರೂ ಅವಳ ಭುಜ ಇನ್ನೂ ಪಕ್ಕಕ್ಕೆ ಸರಿಯುತ್ತದೆ. ಏಣಿ ಕೆಲಸದ ಅವಸರದಲ್ಲಿ ಬೀದಿಯಲ್ಲಿ ಹಾದುಹೋಗುತ್ತಾಳೆ, ಎಷ್ಟೋ ಸಲ ನಿಲ್ಲುವುದೂ ಇಲ್ಲ. ಅಜ್ಜ ಉಣ್ಣುತ್ತಿದ್ದವನು ಕೈ ತಡೆದು ಕಿವಿಗೊಡುತ್ತಾನೆ.

"ನೋಡು ನೋಡು, ಚೈನಿಗೆ ಎಣ್ಣೆ ಹಾಕಿಲ್ಲ ಅವಳು. ಒಣಗಿ ಒದರ್ತಾ ಇದೆ."

"ಸೀಟಿನ ಸದ್ದಿರಬೇಕು ಬಿಡ್ರಿ."

"ಸೀಟಿನ ಸದ್ದು ನನಗೆ ಗೊತ್ತಿಲ್ವೇನೇ? ಅದೂ ಇದೆ. ಅದಕ್ಕೂ ನೀರು ಹಾಕಿಲ್ಲ!"

ಎಂದು ಸಿಡುಕಿ, ಸದ್ದು ಬೀದಿಯ ತುದಿ ದಾಟಿ ಮುಗಿಯುವವರೆಗೆ ಕಾದು, ಆಮೇಲೆ ತುತ್ತು ಬಾಯಿಗಿಡುತ್ತಾನೆ.