ಅಜ್ಜನ ಕಲ್ಲಿನ ಫೋಟೊ

ಪಾಸ್‌ವರ್ಡ್ ಯಾರಿಗೂ ಹೇಳಬಾರದು ಎಂದು ಶರ್ಮಿಳಾ ಎರಡನೆಯ ಸಲ ಹೇಳುವಷ್ಟರಲ್ಲಿ ಗುಣಪಾಲ ಅದನ್ನು ಅಂಗಡಿಗೆಲ್ಲ ಕೇಳುವಂತೆ ಹೇಳಿಯಾಗಿತ್ತು.

"ಅಂಗಡಿಯ ಹೆಸರು, ಮತ್ತೆ ಒಂದು ಎರಡು ಮೂರು. ಬರ್ಕೊಳ್ಳಿ."

ಹಪ್ಪಳದ ಕಟ್ಟು ಆರಿಸುತ್ತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. ಶರ್ಮಿಳಾ ದನಿ ತಗ್ಗಿಸಿದಳು.

"ಅಯ್ಯೋ ಗುಣಪಾಲಣ್ಣ, ನನಗೆ ಹೇಳುವುದು ಬೇಡ. ಪೋಸ್ಟ್ ಹಾಕುವ ಸೇವೆಯವರಿಗೂ ಹೇಳುವುದು ಬೇಡ."

"ಹಾಗಾದ್ರೆ ಅವರು ಒಳಗೆ ಬರುವುದು ಹೇಗೆ? ಹಂಚು ತೆಗೆದಾ?"

"ನೀವು ಫೇಸ್‌ಬುಕ್ಕಿಗೆ ಹೇಳುವುದು, ಇವರು ಚಾವಡಿಯವರೆಗೆ ಬರಬಹುದು ಅಂತ. ಬೀಗದ ಕೈ ನಿಮ್ಮ ಹತ್ತಿರವೇ ಇರ್ತದೆ. ಬೇಡ ಅನ್ನಿಸಿದ ದಿನ ಹೋಗಿ ಅಂದ್ರೆ ಆಯ್ತು."

"ಓ, ಹಾಗೆ ಹೇಳಿ ಮಾರಾಯ್ರೆ," ಎಂದ ಗುಣಪಾಲ, ದೊಡ್ಡ ವಿಷಯವೊಂದು ಸಣ್ಣದಾಯಿತು ಎನ್ನುವಂತೆ.

ಗುಣಪಾಲನದು ಕಾರ್ಕಳದ ಪೇಟೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಅಂಗಡಿ. ಅವನ ಪೇಜಿನಲ್ಲಿ ದಿನಾ ತನ್ನಷ್ಟಕ್ಕೇ ಪೋಸ್ಟ್ ಬೀಳುವಂತೆ ಮಾಡಿಕೊಡಲು ಶರ್ಮಿಳಾ ಬಂದಿದ್ದಳು. ಹಗಲು ಉಡುಪಿಯ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆದು, ಸಂಜೆ ಮಣಿಪಾಲದ ತರಗತಿಗೆ ಓಡಿ, ಕೊನೆಯ ಬಸ್ಸಿಗೆ ಕಾಪುವಿಗೆ ಮರಳಿ ಅವಳು ಕಲಿತ ವಿದ್ಯೆ ಇದು. ತರಗತಿ ಮುಗಿದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಪಾಠ ಹೇಳಿದ ವನೆಸ್ಸಾ ಮೇಡಂ ನಂಬಿ ಕಳಿಸಿದ ಮೊದಲ ಕೆಲಸ. ಮೊದಲ ಕೆಲಸದಲ್ಲೇ ಏನಾದರೂ ಎಡವಟ್ಟಾದರೆ ಎಂಬ ಹೆದರಿಕೆಗೆ ಬೆಳಿಗ್ಗೆಯಿಂದ ಅವಳಿಗೆ ಊಟ ಸೇರಿರಲಿಲ್ಲ.

ಅವಳು ಸ್ವಭಾವದಿಂದಲೇ ಹಾಗೆ. ಬಾಗಿಲಿಗೆ ಚಿಲಕ ಹಾಕಿ ಹಿಂದಕ್ಕೆ ಬಂದು ಎಳೆದು ನೋಡುವವಳು. ಅತ್ತೆಮನೆಯ ಮೀನಿನ ಪೇಜನ್ನು ಇದೇ ಸೇವೆಗೆ ಜೋಡಿಸಿದಾಗಲೂ ಮೇಡಂ ಹೇಳಿದ್ದನ್ನು ಒಂದೂ ಬಿಡದೆ ಮಾಡಿದ್ದಳು. ಸೇವೆಯ ಖಾತೆಯೂ ಫೇಸ್‌ಬುಕ್ ಖಾತೆಯೂ ಗಂಡ ಧನರಾಜನ ಹೆಸರಿನಲ್ಲಿ ಇದ್ದುದರಿಂದ, ಒಳಗೆ ಹೋಗಲು ಬೇಕಾದ ಗುಟ್ಟಿನ ಅಂಕೆ ಅವನ ಫೋನಿಗೇ ಬರುವಂತೆ ಇಟ್ಟಳು. ಆಪತ್ತಿಗೆಂದು ಕೊಟ್ಟ ಬದಲಿ ಅಂಕೆಗಳನ್ನು ಯಾರಾದರೂ ನೋಡಿಬಿಟ್ಟಾರೆಂದು ಹರಿದು ಒಲೆಗೆ ಹಾಕಿದಳು. ಹಲವು ಫೋನುಗಳಲ್ಲಿ ಖಾತೆ ತೆರೆದಿಡಬಾರದೆಂದು ತನ್ನ ಫೋನಿನಲ್ಲಿ ಎರಡರಿಂದಲೂ ಲಾಗ್ ಔಟ್ ಆದಳು. ಗಿರಾಕಿಗಳಿಗೆ ಉತ್ತರ ಕೊಡಲೆಂದು ಅತ್ತೆ ಅಪ್ಪಿಯ ಕೈಯಲ್ಲಿರುವ ಮನೆಯ ಫೋನಿನಲ್ಲಿ ಮಾತ್ರ ಫೇಸ್‌ಬುಕ್ ತೆರೆದಿತ್ತು.

ಗುಣಪಾಲನಿಗೆ ಅನುಮತಿಯ ಪುಟ ತೋರಿಸುತ್ತಿದ್ದಾಗ ಅವಳ ಫೋನ್ ಸದ್ದು ಮಾಡಿತು. ಸೇವೆಯಿಂದ ದಿನಾ ಬರುವ ಮೇಲ್: ಇಂದಿನ ಪೋಸ್ಟ್ ಸಿದ್ಧ, ಆರು ಗಂಟೆಗೆ ಹೊರಡುತ್ತದೆ. ಕೆಳಗೆ ನಾಲ್ಕು ಫೋಟೊಗಳು. ಬುಟ್ಟಿಯಲ್ಲಿ ಬಂಗುಡೆ. ದೋಣಿಯ ಹಲಗೆಯ ಮೇಲೆ ಎರಡು ದೊಡ್ಡ ಮುರು ಮೀನು. ಗಾಳದ ಹಗ್ಗ ಹಿಡಿದ ಒಂದು ಕೈ. ನಾಲ್ಕನೆಯದು ಮೀನಲ್ಲ. ಜಿಪಿಎಸ್ ಪೆಟ್ಟಿಗೆಯ ಪರದೆ. ಅದರ ಮೇಲೆ ಅಜ್ಜ ಎಂಬ ಹೆಸರು, ಹೆಸರಿನ ಎದುರು ಅಂಕೆಗಳು, ಒಂದೊಂದೂ ಓದುವ ಹಾಗೆ.

ಕಾಪುವಿನ ಕಡಲ ಬದಿಯಲ್ಲಿ ಮೀನು ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಸಿಗುವ ಉತ್ತರ ಒಂದೇ, ಪಡುವಿನಲ್ಲಿ. ಪಡುವಿನಲ್ಲಿ ಇರುವುದೆಲ್ಲ ಕಡಲೇ. ಅಂಥ ಊರಿನಲ್ಲಿ ಮಾವ ಕೂಸಪ್ಪನ ಅಪ್ಪ, ದೀಪಸ್ತಂಭವನ್ನೂ ದೂರದ ಗುಡ್ಡವನ್ನೂ ಒಂದೇ ಗೆರೆಗೆ ತಂದು, ನೀರಿನಡಿಯ ಒಂದು ಬಂಡೆಯನ್ನು ಕಂಡುಹಿಡಿದಿದ್ದ. ಉಳಿದವರಿಗೆ ಮೀನಿಲ್ಲದ ದಿನವೂ ಅಲ್ಲಿ ಗಾಳಕ್ಕೆ ಮುರು ಕಚ್ಚುತ್ತಿತ್ತು. ಮನೆಯವರು ಅದನ್ನು ಅಜ್ಜನ ಕಲ್ಲು ಎನ್ನುತ್ತಿದ್ದರು. ಕೂಸಪ್ಪ ಅದನ್ನು ತೋರಿಸಿದ್ದು ಮಗ ಧನರಾಜನೊಬ್ಬನಿಗೆ. ಮುಂಬಯಿಯ ಹೋಟೆಲ್ ಬಿಟ್ಟು ಬಂದು ಸ್ವಂತ ದೋಣಿ ಮಾಡಿದ ತನ್ನ ತಮ್ಮ ಮುದ್ದಣ್ಣನಿಗೂ ತೋರಿಸಿರಲಿಲ್ಲ. ಮುದ್ದಣ್ಣ ಅದಕ್ಕೆ ಜಗಳ ಆಡಲಿಲ್ಲ. ದಿನಾ ಸಂಜೆ ಪೇಜಿನಲ್ಲಿ ಪೋಸ್ಟ್ ಬಿದ್ದ ಕೂಡಲೇ ಮೊದಲ ಲೈಕ್ ಒತ್ತುತ್ತಿದ್ದ, ಫೋಟೊಗಳನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದ.

ಪೇಜ್ ಶುರು ಮಾಡುವಾಗ ಕೂಸಪ್ಪ ಒಂದೇ ಮಾತು ಹೇಳಿದ್ದ: "ಮೀನು ತೋರಿಸು. ಜಾಗ ತೋರಿಸಬೇಡ."

ಶರ್ಮಿಳಾ ಅಂಗಡಿಯ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಆದದ್ದೇನೆಂದು ಅರ್ಥವಾಗಲು ಯಾರೂ ಬೇಕಾಗಿರಲಿಲ್ಲ. ಧನರಾಜನಿಗೆ ಕಷ್ಟವಾಗದಿರಲೆಂದು, ಅವನು ಫೋನಿನಲ್ಲಿ ತೆಗೆದ ಫೋಟೊಗಳೆಲ್ಲ ತಾವಾಗಿಯೇ ಒಂದು ಫೋಲ್ಡರಿಗೆ ಹೋಗುವಂತೆ ಮಾಡಿ, ಆ ಫೋಲ್ಡರನ್ನು ಸೇವೆಗೆ ಜೋಡಿಸಿದವಳು ಅವಳೇ. ಜಿಪಿಎಸ್ ಪರದೆಯಲ್ಲಿ ಗೆರೆ ಬರುತ್ತಿದೆ, ರಿಪೇರಿಗೆ ಕೊಡಬೇಕು ಎಂದು ಅವನು ಬೆಳಿಗ್ಗೆ ಹೇಳಿದಾಗ, "ಕೊಡುವ ಮೊದಲು ಎಲ್ಲದರ ಫೋಟೊ ತೆಗೆದಿಡಿ, ಅಳಿಸಿ ಹೋದರೆ ಎಂತ ಮಾಡುವುದು?" ಎಂದವಳೂ ಅವಳೇ. ಜಾಗ್ರತೆ ಹೇಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

ಮೇಲ್‌ನಲ್ಲಿದ್ದ ಸೇವೆಯ ಕೊಂಡಿ ಒತ್ತಿದಳು. ಗುಟ್ಟಿನ ಅಂಕೆ ಕಳಿಸಿದ್ದೇವೆ, ನಮೂದಿಸಿ, ಎಂದಿತು. ಅಂಕೆ ಹೋದದ್ದು ಧನರಾಜನ ಫೋನಿಗೆ. ಮಧ್ಯಾಹ್ನ ಮೀನು ಇಳಿಸಲು ದಡದ ಹತ್ತಿರ ಬಂದಿದ್ದಾಗ ಸಿಗ್ನಲ್ ಸಿಕ್ಕಿ ಫೋಟೊಗಳು ಹೊರಟಿದ್ದವು. ಈಗ ಅವನು ಮತ್ತೆ ಸಿಗ್ನಲ್ ಇಲ್ಲದ ನೀರಿನಲ್ಲಿ. ಕರೆ ಮಾಡಿದಳು. ಹೋಗಲಿಲ್ಲ. ಹೋಗುವುದಿಲ್ಲ ಎಂದು ಗೊತ್ತಿದ್ದೂ ಮತ್ತೆ ಮಾಡಿದಳು. ಅಂಗಡಿಯ ಗಡಿಯಾರ ಐದೂಕಾಲು ದಾಟಿತ್ತು.

"ಮೈಗೆ ಹುಷಾರಿಲ್ವಾ?" ಎಂದ ಗುಣಪಾಲ. "ಮಜ್ಜಿಗೆ ತರಿಸ್ಲಾ?"

"ಬೇಡ. ಒಂದು ಫೋನ್ ಮಾಡ್ತೇನೆ."

ವನೆಸ್ಸಾ ಮೇಡಂ ಎತ್ತಿದರು. ಶರ್ಮಿಳಾ ತಡವರಿಸುತ್ತ ಅರ್ಧ ಹೇಳುವಷ್ಟರಲ್ಲೇ ಅವರು, "ಸೇವೆಯ ಒಳಗೆ ಹೋಗ್ಲಿಕ್ಕೆ ಆಗದಿದ್ರೆ ಹೋಗುವುದು ಬೇಡ ಮಾರಾಯ್ತಿ. ಫೇಸ್‌ಬುಕ್ಕಿನ ಕಡೆಯಿಂದ ಅವರ ಅನುಮತಿ ತೆಗಿ. ಕೊಟ್ಟದ್ದು ನೀನು, ತೆಗೆಯುವುದೂ ನೀನೇ. ಎಲ್ಲಿ ತೆರೆದುಂಟು ಖಾತೆ?" ಎಂದರು.

"ಅತ್ತೆಯ ಹತ್ತಿರ."

"ಮತ್ತೆ ನನ್ನ ಹತ್ತಿರ ಎಂತ ಮಾತು? ಅವರಿಗೆ ಮಾಡು."

ಅಪ್ಪಿಗೆ ಮಾಡುವುದೇ ಕಷ್ಟವಾಗಿತ್ತು. ಪೆರ್ಡೂರಿನ ಬೇಸಾಯದ ಮನೆಯಿಂದ ಬಂದ ಸೊಸೆಗೆ ಕಡಲಿನ ಗುಟ್ಟು ಎಂತ ಗೊತ್ತು ಎಂದು ನೆಂಟರು ನಕ್ಕಾಗಲೆಲ್ಲ, ನಮ್ಮ ಶರ್ಮಿಳಾಳಿಂದಾಗಿ ಮೀನು ಮನೆ ಬಾಗಿಲಿನಿಂದಲೇ ಮಾರಿಹೋಗುತ್ತದೆ ಎಂದು ಬಾಯಿ ಮುಚ್ಚಿಸುತ್ತಿದ್ದವಳು ಅಪ್ಪಿ. ಆ ಮಾತು ಇವತ್ತಿಗೆ ಮುಗಿಯಿತು ಎಂದುಕೊಂಡೇ ಶರ್ಮಿಳಾ ಕರೆ ಮಾಡಿದಳು.

"ಮಾಮಿ, ಫೋನಿನಲ್ಲಿ ಒಂದು ಸಣ್ಣ ಕೆಲಸ ಉಂಟು," ಎಂದಳು. ಅತ್ತೆಯನ್ನು ಅವಳು ಕರೆಯುವುದು ಹಾಗೆಯೇ.

"ಕೈಯೆಲ್ಲ ಮೀನು. ಅಂಜಲ್ ಕೊಯ್ತಾ ಇದ್ದೇನೆ. ಮತ್ತೆ ಮಾಡ್ತೇನೆ."

"ಈಗಲೇ ಆಗಬೇಕು."

"ಸಣ್ಣ ಕೆಲಸ ಅಂತೀ, ಈಗಲೇ ಅಂತೀ. ಗಿರಾಕಿ ಇಲ್ಲಿ ನಿಂತಿದ್ದಾರೆ ಮಗಾ."

ಸುಳ್ಳಿಗೆ ಅವಸರ ಹುಟ್ಟಿಸುವ ಶಕ್ತಿ ಇಲ್ಲ ಎಂದು ಶರ್ಮಿಳಾಳಿಗೆ ಹೊಳೆಯಿತು. ಅಂಗಡಿಯ ಮೂಲೆಗೆ ಸರಿದು, ಉಪ್ಪಿನಕಾಯಿ ಭರಣಿಗಳತ್ತ ಮುಖ ಮಾಡಿ, "ಮಾಮಿ, ಅಜ್ಜನ ಕಲ್ಲಿನ ನಂಬರು ಪೇಜಿಗೆ ಹೋಗ್ತದೆ. ಆರು ಗಂಟೆಗೆ. ನನ್ನಿಂದಾಗಿ," ಎಂದಳು.

ಆ ಕಡೆ ಕತ್ತಿ ಹಲಗೆಯ ಮೇಲೆ ನಿಂತದ್ದು ಕೇಳಿಸಿತು. ಆಮೇಲೆ ನಲ್ಲಿಯ ನೀರು. ಆಮೇಲೆ ಬಾಗಿಲು ಹಾಕಿದ ಸದ್ದು.

"ಮೆಲ್ಲ ಮಾತಾಡು," ಎಂದಳು ಅಪ್ಪಿ. "ನಿನ್ನ ಮಾಮ ಅಂಗಳದಲ್ಲೇ ಇದ್ದಾರೆ. ನಾನೀಗ ಬಚ್ಚಲಲ್ಲಿ. ಎಲ್ಲಿ ಒತ್ತಬೇಕು ಹೇಳು."

ಅಲ್ಲಿ ಮತ್ತೊಂದು ತೊಡಕು. ಶರ್ಮಿಳಾ ಕಲಿತದ್ದು ಇಂಗ್ಲಿಷಿನ ಪುಟಗಳಲ್ಲಿ. ಮನೆಯ ಫೋನು ಕನ್ನಡದಲ್ಲಿ. ಅಪ್ಪಿ ಓದಿದ ಒಂದು ಹೆಸರೂ ಇವಳ ನೆನಪಿನಲ್ಲಿ ಇದ್ದ ಹೆಸರಿಗೆ ಹೊಂದಲಿಲ್ಲ. ಒಂದು ಸಲ ಭಾಷೆಯ ಪುಟಕ್ಕೆ ಹೋದರು, ಒಂದು ಸಲ ಹುಟ್ಟುಹಬ್ಬಗಳ ಪುಟಕ್ಕೆ. "ಯಾರೋ ವಿಠಲನ ಹುಟ್ಟುಹಬ್ಬ ಅಂತೆ ಇವತ್ತು," ಎಂದಳು ಅಪ್ಪಿ. ಶರ್ಮಿಳಾಳ ಕಣ್ಣಲ್ಲಿ ನೀರು ಬಂತು.

ಗುಣಪಾಲ ಹಿಂದಿನಿಂದ ತನ್ನ ಫೋನನ್ನು ಅವಳ ಮುಂದೆ ಹಿಡಿದ. "ನನ್ನದೂ ಕನ್ನಡವೇ. ಇದರಲ್ಲಿ ನೋಡಿ ಹೇಳಿ."

ಅವಳು ಹಿಂಜರಿದಳು. "ನಿಮ್ಮ ಖಾತೆ ಗುಣಪಾಲಣ್ಣ, ನಾನು ಮುಟ್ಟುವುದು..."

"ನೀವು ಮುಟ್ಟಬೇಡಿ. ನಾನು ಒತ್ತುತ್ತೇನೆ, ನೀವು ನೋಡಿ," ಎಂದ. ಎಲ್ಲ ಕೇಳಿಸಿಕೊಂಡಿದ್ದನೆಂದು ಮುಖವೇ ಹೇಳುತ್ತಿತ್ತು. "ಮೀನಿನ ವಿಷಯ ನನಗೆ ಗೊತ್ತಿಲ್ಲ. ಆದ್ರೆ ನಮ್ಮ ಮಾವಿನಮಿಡಿ ಯಾವ ಮರದ್ದು ಅಂತ ಹೆಂಡತಿಯ ತಮ್ಮನಿಗೂ ನಾನು ಹೇಳಿದವನಲ್ಲ."

ಹಾಗೆ ಕಾರ್ಕಳದ ಫೋನು ಮುಂದೆ ಮುಂದೆ, ಕಾಪುವಿನ ಫೋನು ಹಿಂದೆ ಹಿಂದೆ ನಡೆದವು. ಮೂರು ಗೆರೆ. ಅದರೊಳಗೆ ಸೆಟ್ಟಿಂಗ್ಸ್. ಕೆಳಗೆ, ಇನ್ನೂ ಕೆಳಗೆ. ಖಾತೆಗೆ ಜೋಡಿಸಿದ ಆ್ಯಪುಗಳ ಪಟ್ಟಿ. ಅಪ್ಪಿ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಳು.

"ಸಿಕ್ಕಿತು. ಪೋಸ್ಟ್ ಹಾಕುವವರ ಹೆಸರು ಉಂಟು. ತೆಗೆದುಹಾಕಿ ಅಂತ ಬರ್ತದೆ."

"ಒತ್ತಿ."

"ಒತ್ತಿದೆ. ಈಗ ಒಂದು ಖಾಲಿ ಚೌಕ ಬಂತು. ಇವರು ಇದುವರೆಗೆ ಹಾಕಿದ ಪೋಸ್ಟುಗಳನ್ನೂ ಅಳಿಸಬೇಕಾ ಅಂತ ಕೇಳ್ತದೆ. ಅಳಿಸಬೇಕಾ?"

ಹೊರಗೆ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು. ಅಳಿಸಿದರೆ ಮಳೆಗಾಲದ ನಂತರದ ಪೋಸ್ಟುಗಳೆಲ್ಲ ಹೋಗುತ್ತವೆ. ಗಿರಾಕಿಗಳು ಬರೆದ ಒಳ್ಳೆಯ ಮಾತುಗಳು, ಗಲ್ಫಿನಿಂದ ಊರವರು ಬಾಯಲ್ಲಿ ನೀರು ಸುರಿಸಿದ್ದು, ಅಪ್ಪಿಯ ಒಣಮೀನಿನ ಚಟ್ನಿಗೆ ಬಂದ ಹೊಗಳಿಕೆ. ಆದರೆ ಆ ಫೋಟೊಗಳನ್ನು ಅವಳು ಒಂದೊಂದಾಗಿ ನೋಡಿದ್ದಳೇ? ಮೊದಲ ವಾರ ನೋಡಿದ್ದಳು. ಆಮೇಲೆ, ತಾನಾಗಿ ಆಗುತ್ತಿದೆ ಎಂದು ಬಿಟ್ಟಿದ್ದಳು. ಯಾವುದಾದರೂ ಮೀನಿನ ಹಿಂದೆ, ಮೂಲೆಯಲ್ಲಿ, ಅದೇ ಪೆಟ್ಟಿಗೆಯ ಪರದೆ ಇದ್ದಿರಬಹುದೇ? ಇಲ್ಲ ಎಂದು ಎದೆಯ ಮೇಲೆ ಕೈಯಿಟ್ಟು ಹೇಳಲು ಅವಳಿಗೆ ಆಗಲಿಲ್ಲ.

"ಚೌಕ ಒತ್ತಿ ಮಾಮಿ. ಎಲ್ಲ ಹೋಗಲಿ."

"ಚಟ್ನಿಯದ್ದೂ?"

"ಅದೂ."

ಅಪ್ಪಿ ಒಂದು ಉಸಿರು ಬಿಟ್ಟಳು. "ಹೋಯ್ತು," ಎಂದಳು.

ಆರು ಗಂಟೆಯಾಯಿತು. ಶರ್ಮಿಳಾಳ ಫೋನಿಗೆ ಮತ್ತೊಂದು ಮೇಲ್ ಬಂತು: ನಿಮ್ಮ ಪೋಸ್ಟ್ ಹಾಕಲು ಸಾಧ್ಯವಾಗಲಿಲ್ಲ, ಖಾತೆಯನ್ನು ಮತ್ತೆ ಜೋಡಿಸಿ. ಅಷ್ಟು ಸಿಹಿಯಾದ ಸೋಲಿನ ಸುದ್ದಿಯನ್ನು ಅವಳು ಈವರೆಗೆ ಓದಿರಲಿಲ್ಲ.

"ನನ್ನದನ್ನು ಇವತ್ತು ಜೋಡಿಸುವುದು ಬೇಡ ಅಲ್ವಾ?" ಎಂದ ಗುಣಪಾಲ.

"ಬೇಡ. ನಾಳೆ ಬರ್ತೇನೆ. ಆಗಬಹುದಾ?"

"ಬನ್ನಿ. ಬರುವಾಗ ಊಟ ಮಾಡಿ ಬನ್ನಿ."

ಶಿರ್ವದ ಮೇಲಿಂದ ಹೋಗುವ ಬಸ್ಸಿನಲ್ಲಿ ಕಿಟಕಿಯ ಬದಿ ಸಿಕ್ಕಿದರೂ ಅವಳಿಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಮುದ್ದಣ್ಣನ ಕರೆ ಬಂತು.

"ಎಂತ ಶರ್ಮಿಳಾ, ಪೇಜ್ ಖಾಲಿ ಉಂಟಲ್ಲ? ನನ್ನ ಲೈಕುಗಳೆಲ್ಲ ಎಲ್ಲಿಗೆ ಹೋದವು?"

"ಅಳಿಸಿದ್ದು ಚಿಕ್ಕಮಾವ. ಒಂದು ತಪ್ಪಾಗಿತ್ತು."

"ಎಂತ ತಪ್ಪು?"

"ಮನೆಯ ತಪ್ಪು."

"ಛೆ, ಚಂದದ ಫೋಟೊಗಳಿದ್ದವು ಮಾರಾಯ್ತಿ," ಎಂದು ಮುದ್ದಣ್ಣ ಫೋನ್ ಇಟ್ಟುಬಿಟ್ಟ.

ಪೋಸ್ಟ್ ನಿಂತಿತ್ತು. ಅವಳ ತಲೆ ನಿಲ್ಲಲಿಲ್ಲ. ಅನುಮತಿ ತೆಗೆದದ್ದು ಫೇಸ್‌ಬುಕ್ಕಿನ ಬಾಗಿಲಿನದು. ಫೋಟೊವನ್ನು ಆ ಸೇವೆ ಆಗಲೇ ಒಳಗೆ ತೆಗೆದುಕೊಂಡಿತ್ತು. ಇಲ್ಲದಿದ್ದರೆ ಮೇಲ್‌ನಲ್ಲಿ ತೋರಿಸಿದ್ದು ಹೇಗೆ? ಧನರಾಜ ದಡಕ್ಕೆ ಬಂದ ಮೇಲೆ ಒಳಗೆ ಹೋಗಿ ತಾನೇ ಅಳಿಸಿದರೂ, ಅವರ ಪ್ರತಿ ಹೋಯಿತೆಂದು ಹೇಳಬೇಕಾದವರು ಅವರೇ. ಎಲ್ಲಿಯೋ ಒಂದು ಕಂಪ್ಯೂಟರಿನಲ್ಲಿ ಅಜ್ಜನ ಕಲ್ಲು ಕುಳಿತಿದೆ. ಅದು ಗೊತ್ತಿರುವುದು ಅವಳೊಬ್ಬಳಿಗೆ.

ಮನೆಯ ಅಂಗಳದಲ್ಲಿ ಕೂಸಪ್ಪ ಬಲ್ಬಿನ ಬೆಳಕಿನಲ್ಲಿ ಗಾಳದ ದಾರಕ್ಕೆ ಕೊಕ್ಕೆ ಕಟ್ಟುತ್ತಿದ್ದ. ಅಪ್ಪಿ ಮೆಟ್ಟಿಲ ಮೇಲೆ ನಿಂತು ಕಣ್ಣಲ್ಲೇ ಬೇಡ ಎಂದಳು. ಹತ್ತಿರ ಬಂದ ಸೊಸೆಯ ಕಿವಿಯಲ್ಲಿ, "ನಿಂತಿತಲ್ಲ. ಮುಗಿಯಿತು. ಹೇಳುವುದು ಎಂತಕ್ಕೆ?" ಎಂದಳು.

"ಮುಗಿಯಲಿಲ್ಲ ಮಾಮಿ," ಎಂದು ಶರ್ಮಿಳಾ ಅಂಗಳಕ್ಕೆ ಇಳಿದಳು. ನಿಂತೇ ಎಲ್ಲ ಹೇಳಿದಳು. ಫೋಲ್ಡರು, ಫೋಟೊ, ಬಚ್ಚಲು, ಚೌಕ. ಕೊನೆಗೆ, "ಪೇಜಿಗೆ ಹೋಗಲಿಲ್ಲ ಮಾಮ. ಆದರೆ ಆ ಸೇವೆಯವರ ಹತ್ತಿರ ಒಂದು ಪ್ರತಿ ಉಳಿದಿದೆ," ಎಂದಳು.

ಕೂಸಪ್ಪ ಕಟ್ಟುತ್ತಿದ್ದ ಗಂಟನ್ನು ಹಲ್ಲಿನಿಂದ ಬಿಗಿದ. ಬೈಯುತ್ತಾನೆ ಎಂದು ಅವಳು ಕಾದಳು.

"ಅವರಿಗೆ ದೋಣಿ ಉಂಟಾ?"

ಅಪ್ಪಿಗೆ ನಗು ತಡೆಯಲಾಗಲಿಲ್ಲ. ಕೂಸಪ್ಪ ನಗಲಿಲ್ಲ. "ನಗುವುದೆಂತ? ಉಂಟಾ ಅಂತ ಕೇಳಿದ್ದು."

"ಗೊತ್ತಿಲ್ಲ ಮಾಮ. ಇರ್ಲಿಕ್ಕಿಲ್ಲ."

"ಇರ್ಲಿಕ್ಕಿಲ್ಲ ಅಂದ್ರೆ ಇರಲೂಬಹುದು. ಬರೆದು ಕೇಳು. ಅಳಿಸಿ ಅಂತ ಹೇಳು. ಅಳಿಸಿದೆವು ಅಂತ ಅವರು ಹೇಳುವವರೆಗೆ ಪೇಜಿಗೆ ಮೀನು ಬೇಡ." ದಾರದ ಇನ್ನೊಂದು ತುದಿಯನ್ನು ಅವಳ ಕೈಗೆ ಕೊಟ್ಟು, "ಇದನ್ನು ಎಳೆದು ಹಿಡಿ. ಬರೆದ ಮೇಲೆ," ಎಂದ.

ಅವಳು ಮೆಟ್ಟಿಲ ಮೇಲೆ ಕುಳಿತು ಬರೆದಳು. ಅಳಿಸಿದಳು, ಮತ್ತೆ ಬರೆದಳು. ಏನು ಅಳಿಸಬೇಕೆಂದು ಹೇಳಬೇಕು, ಅದು ಏನೆಂದು ಹೇಳಬಾರದು. ಕೊನೆಗೆ, ನಮ್ಮ ಎಲ್ಲ ಫೋಟೊಗಳನ್ನೂ ಅಳಿಸಿ, ಅಳಿಸಿದ್ದನ್ನು ತಿಳಿಸಿ, ಎಂದಷ್ಟೇ ಬರೆದು ಕಳಿಸಿದಳು. ಫೋನ್ ಕೂಡಲೇ ಸದ್ದು ಮಾಡಿತು.

"ಉತ್ತರ ಬಂತಾ?" ಎಂದ ಕೂಸಪ್ಪ.

ನಿಮ್ಮ ಸಂದೇಶ ತಲುಪಿದೆ, ನೀವು ನಮಗೆ ಬಹಳ ಮುಖ್ಯ, ಎಂದಿತ್ತು. "ಬಂತು ಮಾಮ. ಆದರೆ ಇದು ಮನುಷ್ಯರು ಬರೆದದ್ದಲ್ಲ. ತಾನಾಗಿ ಬರುವುದು."

"ಮನುಷ್ಯರು ಬರೆಯಲಿ," ಎಂದು ಅವನು ಮುಂದಿನ ಕೊಕ್ಕೆ ಎತ್ತಿಕೊಂಡ.

ಶರ್ಮಿಳಾ ಫೋನನ್ನು ಪರದೆ ಮೇಲಾಗಿ ಮೊಣಕಾಲಿನ ಮೇಲೆ ಇಟ್ಟುಕೊಂಡು, ದಾರವನ್ನು ಎಳೆದು ಹಿಡಿದಳು. ಒಳಗೆ ಅಪ್ಪಿ ಅಂಜಲ್ ಮೀನಿಗೆ ಮಸಾಲೆ ಹಚ್ಚುತ್ತ, ಊಟಕ್ಕೆ ಬಾ ಎಂದು ಕರೆದಳು. ಬರ್ತೇನೆ ಎಂದಳು ಶರ್ಮಿಳಾ, ಕಣ್ಣು ಪರದೆಯಿಂದ ತೆಗೆಯದೆ.