ಬಾಟಲಿ ಮುಗಿಯುವ ತನಕ

ಜೀಪಿನ ಎಂಜಿನ್ ಸತ್ತದ್ದು ಮಂಗಳವಾರ. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಅವ್ವ ಅಫಜಲಪುರದ ತಾಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಹಾಸಿಗೆಯ ಮೇಲಿರಬೇಕು. ಆಷಾಢದ ಮಳೆ ಹಿಡಿದು ಆಗಲೇ ವಾರವಾಗಿತ್ತು.

ನಮ್ಮ ಊರು ಗಾಣಗಾಪುರದ ಆಚೆ, ಭೀಮೆಯ ದಂಡೆಗಿದೆ. ಅಲ್ಲಿಂದ ಡಾಂಬರಿಗೆ ಬರಲು ಆರು ಕಿಲೋಮೀಟರ್ ಎರೆಮಣ್ಣು. ಬೇಸಿಗೆಯಲ್ಲಿ ಆಟೋ ಕೂಡ ಬರುತ್ತದೆ. ಮಳೆ ಬಿದ್ದ ಮೇಲೆ ಆ ಮಣ್ಣು ಚಪ್ಪಲಿ ಕಸಿದುಕೊಂಡು ಕಾಲನ್ನಷ್ಟೇ ಮನೆಗೆ ಕಳಿಸುತ್ತದೆ. ಟ್ರ್ಯಾಕ್ಟರಿನಲ್ಲಿ ಒಮ್ಮೆ ಕರೆತಂದಿದ್ದೆ. ಅಲುಗಾಟಕ್ಕೆ ಅವ್ವನ ಕೈಯ ಪಟ್ಟಿ ಬಿಚ್ಚಿ ಸೀರೆ ರಕ್ತವಾಯಿತು. ಪೇಟೆಯಲ್ಲಿ ಬಾಡಿಗೆ ಮನೆ ಹಿಡಿಯೋಣ ಎಂದರೆ, "ಎಮ್ಮಿ ಯಾರ ಹಿಂಡ್ತಾರ, ಮನೀ ಮಾಲಕನೇನು?" ಎನ್ನುತ್ತಾಳೆ. ಹೀಗಾಗಿ ನಮಗಿದ್ದದ್ದು ನಾಲ್ಕೂ ಗಾಲಿ ಎಳೆಯುವ ಇಪ್ಪತ್ತೆಂಟು ವರ್ಷದ ಆ ಜೀಪೊಂದೇ.

ಹೋದ ವರ್ಷ ಒಂದು ಶುಕ್ರವಾರ ತಪ್ಪಿತ್ತು. ಭಾನುವಾರ ಅವ್ವ ಗೋಡೆಗೆ ಆತು ಕೂತೇ ಉಸಿರಾಡಿದಳು. ಮಲಗಿಸಿದರೆ ಗಂಟಲೊಳಗೆ ಗುಳುಗುಳು. ಒಣ ನೆಲದ ಮೇಲೆ ಕೂತ ಮನುಷ್ಯ ನೀರಿನಲ್ಲಿ ಮುಳುಗುವುದನ್ನು ನಾನು ನೋಡಿದ್ದೇನೆ. ಇನ್ನೊಮ್ಮೆ ನೋಡಲಾರೆ.

ಬುಧವಾರ ಬೆಳಿಗ್ಗೆ ಡಾಂಬರಿನ ತನಕ ಕೆಸರು ತುಳಿದು ಹೋಗಿ, ಹುಸೇನಸಾಬ ಚಾಚಾನನ್ನು ಅವನದೇ ಬೈಕಿನ ಹಿಂದೆ ಕೂರಿಸಿಕೊಂಡು ಜೇವರ್ಗಿಯ ಗುಜರಿಗೆ ಹೋದೆ. ಚಾಚಾ ಅಫಜಲಪುರದಲ್ಲಿ ನಲವತ್ತು ವರ್ಷದಿಂದ ಜೀಪು ರಿಪೇರಿ ಮಾಡುವವ. ಸಪ್ಪಳ ಕೇಳಿ ಎಂಜಿನ್ನಿನ ಹಣೆಬರಹ ಹೇಳುತ್ತಾನೆಂದು ಮೂರು ತಾಲೂಕಿನಲ್ಲಿ ಹೆಸರು. ಆ ಹೆಸರಿನೊಳಗಿನ ತೂತು ನನಗೊಬ್ಬನಿಗೇ ಗೊತ್ತಿತ್ತು. ಚಾಚಾನಿಗೆ ಕಿವಿ ಕೇಳಿಸುವುದಿಲ್ಲ.

ಪೂರ್ತಿ ಅಲ್ಲ. ಎಡಗಿವಿ ಹೋಗಿದೆ, ಬಲಗಿವಿಗೆ ಬಾಯಿ ಹಚ್ಚಿ ಹೇಳಿದರೆ ತಲುಪುತ್ತದೆ. ನಾನು ಕಲಬುರಗಿಯಲ್ಲಿ ಡಿಗ್ರಿ ಮುಗಿಸಿದವ. ಆ ಊರಲ್ಲಿ ಕಾಲೇಜಿಗಿಂತ ಬಿಸಿಲೇ ಹೆಚ್ಚು ಡಿಗ್ರಿ ಕೊಡುತ್ತದೆ. ನಾನು ಕಲಿತದ್ದು ಮಾತ್ರ ದನಿ ನಕಲು ಮಾಡುವುದು: ಪ್ರಿನ್ಸಿಪಾಲರ ಕೆಮ್ಮು, ಕಂಡಕ್ಟರನ ಸೀಟಿ, ಪಾಸು ಕೇಳುವ ಚೆಕಿಂಗಿನವನ ಮೂಗಿನ ದನಿ. ಎಂಜಿನ್ನಿನ ದನಿಯೂ ಬರುತ್ತದೆ. ಯಾವುದಾದರೂ ಗಾಡಿ ಬಂದರೆ ಚಾಚಾ ನಗುತ್ತ, "ಏ ಕಲ್ಲ್ಯಾ, ಇದರ ನಕಲ್ ಮಾಡಲೇ, ಒಂದೀಟ ನಗೋಣ" ಎಂದು ಬಲಗಿವಿ ಕೊಡುತ್ತಿದ್ದ. ಗಿರಾಕಿಗೆ ಅದು ತಮಾಷೆ. ನಾನು ಕೇಳಿದ್ದನ್ನೆಲ್ಲ, ಟಿಕ್ ಎಂದರೆ ಟಿಕ್, ಕಟ್ ಎಂದರೆ ಕಟ್, ಅವನ ಕಿವಿಯೊಳಗೆ ಸುರಿಯುತ್ತಿದ್ದೆ. ಚಾಚಾ ಕಣ್ಣು ಮುಚ್ಚಿ ಕೇಳಿ ರೋಗದ ಹೆಸರು ಹೇಳುತ್ತಿದ್ದ. ಕೇಳಿಸುವುದಿಲ್ಲ ಎಂದು ಅವನು ನನಗೆ ಹೇಳಿಲ್ಲ, ಗೊತ್ತು ಎಂದು ನಾನೂ ಹೇಳಿಲ್ಲ. ಅವನ ಗ್ಯಾರೇಜಿನಲ್ಲಿ ನಾನು ಕೆಲಸಕ್ಕೆ ನಿಂತ ಮೂರು ವರ್ಷದಿಂದ ಹೀಗೇ ನಡೆದಿತ್ತು.

ಗುಜರಿಯ ಮಾಲಕ ಗುರಣ್ಣ ಎಲೆ ಅಡಿಕೆ ಜಗಿಯುತ್ತ ಬಂದ.

"ಬರ್ರಿ ಸಾಬ್ರ. ಗುಜರಿಗಿ ಬಂದದ್ದೆಲ್ಲಾ ಗುಜರ್ ಗಯಾ, ತೀರಿಹೋತು ಅಂತ ಮಂದಿ ತಿಳ್ಕೊಂಡಾರ. ನನ್ನ ಹಂತ್ಯಾಕ ಎರಡು ಜೀವಂತ ಅವ."

ಬೇವಿನ ಮರದ ಕೆಳಗೆ ಹಳೆ ಟೈರುಗಳ ಮೇಲೆ ಎರಡು ಎಂಜಿನ್ ಕೂತಿದ್ದವು. ಒಂದು ನಮ್ಮ ಜೀಪಿನದೇ ಜಾತಿ. ಎಣ್ಣೆ ಜಿಡ್ಡು, ತುಕ್ಕು, ಮೇಲೆ ಕೋಳಿ ಕೂತು ಹೋದ ಗುರುತು. ಇನ್ನೊಂದು ಗಾಳಿ ಒತ್ತಿ ತುಂಬುವ ಟರ್ಬೋ ಇದ್ದ ದೊಡ್ಡದು, ಅಪಘಾತವಾದ ಗಾಡಿಯಿಂದ ಬಿಚ್ಚಿದ್ದು. ಗುರಣ್ಣ ಅದಕ್ಕೆ ಬೆಳ್ಳಿ ಬಣ್ಣ ಬಳಿದಿದ್ದ.

"ಇದನ್ನ ಕೂಡಸೂ ಪ್ಲೇಟ್ ನಾನೇ ಕೊಡ್ತೇನ್ರಿ. ಒಂದ ದಿನದಾಗ ಕೂಡ್ತದ. ನಿಮ್ಮ ಎರಿ ಮಣ್ಣ ಇದಕ್ಕ ಶೀರಾ ಇದ್ದಂಗ."

ನನ್ನ ಕಣ್ಣು ಟರ್ಬೋ ಬಿಟ್ಟು ಕದಲಲಿಲ್ಲ. ಹೆಚ್ಚುಕಡಿಮೆ ಎರಡರಷ್ಟು ತಾಕತ್ತು. ನಮ್ಮ ದಾರಿಯ ಹಳ್ಳದಲ್ಲಿ ಗಾಲಿ ಹೂತಾಗಿನ ಆ ಕ್ಷಣ, ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ಉಸಿರೆಳೆಯುವ ಅವ್ವ, ಎರಡೂ ಕಣ್ಣ ಮುಂದೆ ಬಂದವು. ಹೆದರಿದವನಿಗೆ ಮೊದಲು ಬೇಕಾಗುವುದು ತಾಕತ್ತು.

ಗುಜರಿಯಲ್ಲಿ ಎಂಜಿನ್ ಕೊಳ್ಳುವುದಕ್ಕೆ ಒಂದು ಪದ್ಧತಿ ಇದೆ. ಕೊಳ್ಳುವವನು ತನ್ನದೇ ಒಂದು ಲೀಟರ್ ಡೀಸೆಲ್ ತರಬೇಕು. ಅದನ್ನು ಬಾಟಲಿಗೆ ಹಾಕಿ, ಸಲಾಯಿನ್ ತೂಗುಬಿಟ್ಟಂತೆ ಮರಕ್ಕೆ ಕಟ್ಟಿ, ನಳಿಗೆಯಿಂದ ಎಂಜಿನ್ನಿಗೆ ಇಳಿಸುತ್ತಾರೆ. ಬಾಟಲಿ ಮುಗಿಯುವ ತನಕ ಯಾರೂ ಬಂದ್ ಮಾಡಬಾರದು. ಹನಿ ತೀರಿ ತಾನಾಗಿ ನಿಂತ ಮೇಲೇ ಮಾತುಕತೆ.

ಗುರಣ್ಣ ಬ್ಯಾಟರಿ ಮುಟ್ಟಿಸಿದ. ಟರ್ಬೋ ಒಂದೇ ಏಟಿಗೆ ಚಾಲೂ ಆಯಿತು. ನೆಲ ಗುಂಯ್‌ಗುಟ್ಟಿತು. ಚಾಚಾ ಎಂದಿನಂತೆ ನಕ್ಕ.

"ಮಾಡಲೇ ಕಲ್ಲ್ಯಾ, ನಗಸು."

ನಾನು ಬಗ್ಗಿ ಕೇಳಿದೆ. ದುಂಡಗಿನ, ತುಂಬಿದ ದನಿ. ಆದರೆ ರೇಸ್ ಏರಿದಾಗಲೆಲ್ಲ ಅದರ ಅಡಿಯಲ್ಲಿ ಸಣ್ಣಗೆ ಒಂದು ಊಳು, ಮುಚ್ಚಿದ ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ. ಏನದು? ಗೊತ್ತಾಗಲಿಲ್ಲ. ಚಾಚಾನಿಗೆ ಹೇಳಿದರೆ ಮಾತ್ರ "ಬ್ಯಾಡ, ನಡಿ" ಎನ್ನುತ್ತಾನೆಂದು ಗೊತ್ತಾಯಿತು.

ಅವನ ಬಲಗಿವಿಗೆ ಕೈ ಕೊಳವೆ ಮಾಡಿ ಹಿಡಿದೆ. ದುಂಡು ದನಿಯನ್ನು ದುಂಡಗೇ ಮಾಡಿದೆ. ಏರಿಸಿದೆ, ಇಳಿಸಿದೆ. ಊಳು ಮಾಡಲಿಲ್ಲ.

"ಅಷ್ಟೇನು?" ಎಂದ ಚಾಚಾ.

"ಅಷ್ಟೇರಿ."

"ಖರೇ?"

"ಖರೇ ಚಾಚಾ."

ಅವನು ತಲೆಯಾಡಿಸಿ, "ಛಲೋ ಅದ ಮತ್ತ" ಎಂದು ಮೂರು ಮಾರು ಆಚೆ ಇದ್ದ ಹಳೇ ಎಂಜಿನ್ನಿನ ಕಡೆ ಹೋದ. ಬೆನ್ನು ನಮ್ಮ ಕಡೆ ಮಾಡಿ ಬಗ್ಗಿ ಏನೋ ಒರೆಸತೊಡಗಿದ. ಈಗ ಹೇಳಿಬಿಡಲೇ? ಬಾಟಲಿ ಮುಗಿಯಲಿ, ಆಮೇಲೆ. ಬಾಟಲಿ ಕಾಲುಭಾಗಕ್ಕೆ ಇಳಿಯಿತು. ಗುರಣ್ಣ ಗಿರಾಕಿಗೆ ಜೋರು ತೋರಿಸಲು ಪೂರ್ತಿ ರೇಸ್ ಕೊಟ್ಟ. ಬಾಟಲಿಯ ತಳ ಕಂಡಿತು. ನಳಿಗೆಯಲ್ಲಿ ಗಾಳಿಯ ಗುಳ್ಳೆ ಓಡಿತು. ಕೊನೆಯ ಹನಿ ಹೋಯಿತು.

ಎಂಜಿನ್ ನಿಲ್ಲಲಿಲ್ಲ.

ಗುರಣ್ಣ ರೇಸ್ ಇಳಿಸಿದ. ಇಳಿಯಲಿಲ್ಲ. ನಳಿಗೆ ಕಿತ್ತ. ಒಣ ನಳಿಗೆ. ಎಂಜಿನ್ ಇನ್ನಷ್ಟು ಏರಿತು. ಊಳು ಈಗ ಅಡಿಯಲ್ಲಿರಲಿಲ್ಲ. ಉಳಿದ ಸಪ್ಪಳವನ್ನೆಲ್ಲ ನುಂಗಿ ಕಿರುಚುತ್ತಿತ್ತು. ಹೊಗೆ ಬೆಳ್ಳಗೆ ಬಂದು ಆಮೇಲೆ ನೀಲಿಯಾಯಿತು. ಟೈರಿನ ಮೇಲೆ ಎಂಜಿನ್ ಕುಣಿಯತೊಡಗಿ, ಕಟ್ಟಿದ ಸರಪಳಿ ಬಿಗಿದು ಸಡಿಲಾಗಿ ಬಿಗಿಯಿತು.

"ತನ್ನ ಎಣ್ಣಿ ತಾನೇ ಕುಡ್ಯಾಕತ್ತೈತಿ! ಒಡಿತದ! ಓಡ್ರಿ!" ಗುರಣ್ಣ ತಗಡಿನ ರಾಶಿಯ ಹಿಂದೆ ಹಾರಿದ.

ನಾನೂ ಓಡಿದೆ. ಹತ್ತು ಹೆಜ್ಜೆ ಓಡಿದ ಮೇಲೆ ತಿರುಗಿ ನೋಡಿದೆ. ಚಾಚಾ ಹಾಗೇ ಬಗ್ಗಿದ್ದ. ಒಡೆದರೆ ಮೊದಲ ಕಬ್ಬಿಣದ ಚೂರು ಹೋಗುವ ನೇರಕ್ಕೆ ಅವನ ಬೆನ್ನಿತ್ತು. "ಚಾಚಾ!" ಎಂದೆ. ಒದರಿದೆ. ಗಂಟಲು ಹರಿಯುವ ಹಾಗೆ ಒದರಿದೆ. ಅವನು ಚಿಂದಿಯನ್ನು ಮಡಚಿ ಇನ್ನೊಂದು ಮಗ್ಗುಲು ಒರೆಸಿದ.

ಹಿಂದೆ ಓಡಿದ್ದು ಧೈರ್ಯದಿಂದಲ್ಲ. ಆ ಬೆನ್ನನ್ನು ನೋಡುತ್ತ ನಿಲ್ಲುವುದು ಆಗಲಿಲ್ಲ. ಭುಜ ಹಿಡಿದು ತಿರುಗಿಸಿದೆ. ಹೊಗೆ ನೋಡಿ ಅವನ ಮುಖ ಬಿಳಿಚಿತು. ಆದರೆ ಅವನು ಓಡಲಿಲ್ಲ. ಕಾಲ ಬುಡದಲ್ಲಿ ಬಿದ್ದಿದ್ದ ಯಾವುದೋ ಲಾರಿಯ ನಂಬರ್ ಪ್ಲೇಟು ಎತ್ತಿಕೊಂಡು, ಮುಖ ಆಚೆ ತಿರುಗಿಸಿ, ಎಂಜಿನ್ನು ಗಾಳಿ ಎಳೆಯುವ ಬಾಯಿಗೆ ಒತ್ತಿದ. ಬಾಯಿ ಪ್ಲೇಟನ್ನು ಚಪ್ಪನೆ ಕಚ್ಚಿತು. ತಗಡು ಒಳಗೆ ಬಾಗಿತು. ಎಂಜಿನ್ ಕೆಮ್ಮಿತು, ಟೈರಿನ ಮೇಲೆ ಒಮ್ಮೆ ಎಗರಿತು, ನಿಂತಿತು.

ಗುರಣ್ಣ ತಗಡಿನ ಹಿಂದಿನಿಂದ ಎದ್ದ.

"ಸಾಬ್ರ, ಅಷ್ಟ ಒದರಿದ್ರೂ ನಿಮಗ ಕೇಳಲಿಲ್ಲೇನ್ರಿ?"

ಚಾಚಾ ಅವನ ತುಟಿ ನೋಡಿದ, ನನ್ನ ಮುಖ ನೋಡಿದ. ನಲವತ್ತು ವರ್ಷದ ಹೆಸರು ಹೋಗುವ ಹೆದರಿಕೆ ಅವನ ಕಣ್ಣಲ್ಲಿ ಕಂಡಿತು. ನಾನು ಅವನನ್ನು ಬದಿಗೆ ಕರೆದುಕೊಂಡು ಹೋಗಿ ಬಲಗಿವಿಗೆ ಬಾಯಿ ಹಚ್ಚಿದೆ.

"ಚಾಚಾ, ನಾ ಒಂದ ಸಪ್ಪಳ ಬಿಟ್ಟೆ. ಕೇಳಿತ್ತು ನನಗ. ಬೇಕಂತನೇ ಬಿಟ್ಟೆ."

"ಈಗ ಮಾಡು."

ಮಾಡಿದೆ. ಸ್ಸೂಂಈಈ. ಅವನು ಕಣ್ಣು ಮುಚ್ಚಲಿಲ್ಲ.

"ಟರ್ಬೋದ ಬೇರಿಂಗ್ ಸತ್ತದ. ಎಣ್ಣಿ ಒಳಗ ಇಳ್ಯಾಕತ್ತಿತ್ತು. ಅಯ್ಯ ಬೇಟಾ, ಇದರ ಮ್ಯಾಲ ನಿಮ್ಮವ್ವನ್ನ ಕೂಡಸ್ತಿದ್ದೆನಲ್ಲೋ ನಾ! ಹಳ್ಳದಾಗ ಹಿಂಗ ಆಗಿದ್ರ?" ಅವನು ಬಲಗಿವಿ ಮುಟ್ಟಿಕೊಂಡ. "ನನಗ ಹೊಡದಿದ್ರೂ ನಡೀತಿತ್ತಲೇ. ಕಿವಿ ಕಸಗೊಂಡಿಯಲ್ಲ."

ನಾನು ಮರದಿಂದ ಖಾಲಿ ಬಾಟಲಿ ಬಿಚ್ಚಿದೆ.

ಎರಡನೇ ಬಾಟಲಿ ತಂದು ಕಟ್ಟಿದೆವು. ಹಳೇ ಎಂಜಿನ್ ನಾಲ್ಕನೇ ಏಟಿಗೆ ಎದ್ದಿತು. ಈ ಸಲ ಚಾಚಾ ನಗಸು ಎನ್ನಲಿಲ್ಲ. ಗುರಣ್ಣನ ಎದುರಿಗೇ ನನ್ನ ಹತ್ತಿರ ಬಂದು ಕಿವಿ ಕೊಟ್ಟ. ನಾನು ಇದ್ದದ್ದೆಲ್ಲ ಮಾಡಿದೆ. ಧಡಧಡ, ನಡುವೆ ಮೂರಕ್ಕೊಮ್ಮೆ ಟಕ್, ತಣ್ಣಗಿದ್ದಾಗಿನ ಗೊಗ್ಗರು, ರೇಸ್ ಬಿಟ್ಟಾಗಿನ ಒಂದು ನಿಟ್ಟುಸಿರು. ಎರಡು ಸಲ ಮಾಡಿಸಿದ.

"ಟಕ್ ಅನ್ನೂದು ಟ್ಯಾಪೆಟ್. ನಾಳಿ ಸರಿ ಮಾಡ್ತೇನಿ. ಉಳದದ್ದು ಮುಪ್ಪಿನ ಸಪ್ಪಳ, ಸಾಯೂ ಸಪ್ಪಳ ಅಲ್ಲ."

"ಎಳೀತದೇನ್ರಿ ಹಳ್ಳದಾಗ?"

"ಗೊತ್ತಿಲ್ಲ ಬೇಟಾ."

ಬಾಟಲಿ ತೀರಿತು. ಹಳೇ ಎಂಜಿನ್ ಎರಡು ಸಲ ನಡುಗಿ ತಾನಾಗಿ ನಿಂತಿತು. ಅದನ್ನೇ ಡಾಂಬರು ಮುಗಿಯುವ ತನಕ ಟೆಂಪೋದಲ್ಲಿ, ಅಲ್ಲಿಂದ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದೆವು. ಗುರುವಾರ ಇಡೀ ದಿನ ನಮ್ಮ ಅಂಗಳದಲ್ಲಿ, ತಾಡಪತ್ರಿಯ ಕೆಳಗೆ, ಚಾಚಾ ಅದನ್ನು ಕೂರಿಸಿದ. ಮಳೆ ಬಿಡಲಿಲ್ಲ.

ಶುಕ್ರವಾರ ಆರಕ್ಕೆ ಹೊರಟೆವು. ಅವ್ವನ ಮುಖ ಊದಿತ್ತು, ಕಾಲಿಗೆ ಚಪ್ಪಲಿ ಹಿಡಿಯಲಿಲ್ಲ. "ಹುಸೇನಣ್ಣ ಯಾಕ ಬರಾಕತ್ತಾನ? ಅವನೂ ಸೂಜಿ ಚುಚ್ಚಿಸ್ಕೋತಾನೇನು?" ಎಂದು ನಕ್ಕಳು, ನಕ್ಕದ್ದಕ್ಕೆ ಉಸಿರು ಸಾಲದೆ ಕಂಬಿ ಹಿಡಿದಳು.

ಮೂರನೇ ಕಿಲೋಮೀಟರಿಗೆ ಹಳ್ಳ. ನೀರು ಮೊಣಕಾಲ ತನಕ, ಅಡಿಯಲ್ಲಿ ಕಾಣದ ಕೆಸರು. ಮುಂದಿನ ಗಾಲಿಗಳು ಇಳಿದವು. ನಡುವೆ ಬಂದಾಗ ಹಿಂದಿನ ಗಾಲಿ ಸುಮ್ಮನೆ ತಿರುಗತೊಡಗಿತು. ಜೀಪು ಒಂದು ಮಗ್ಗುಲಿಗೆ ಇಳಿಯಿತು. ಹಿಂದೆ ಅವ್ವನ ಎದೆಯಿಂದ ಆ ಗುಳುಗುಳು ಕೇಳಿತು. ನನ್ನ ಕಾಲು ತಾನಾಗಿ ರೇಸ್ ಮೇಲೆ ಬಿತ್ತು. ಚಾಚಾ ನನ್ನ ತೊಡೆ ಒತ್ತಿ ಹಿಡಿದ.

"ಜೋರ್ ಮಾಡಬ್ಯಾಡ. ಬಿಡು. ಅದರ ನಡಿಗಿ ಅದಕ್ಕ ಗೊತ್ತದ."

ಬಿಟ್ಟೆ. ಎಂಜಿನ್ನಿನ ದನಿ ಇಳಿದು ಇಳಿದು, ಇನ್ನೇನು ಸತ್ತಿತು ಅನ್ನುವಲ್ಲಿಗೆ ಬಂತು. ಧಡ. ಧಡ. ಧಡ. ಒಂದೊಂದು ಧಡಕ್ಕೂ ಗಾಲಿ ಒಂದು ಬೆರಳು ಮುಂದೆ ಹೋಯಿತು. ಎಷ್ಟು ಹೊತ್ತು ಹೋಯಿತೋ ಕಾಣೆ. ಮುಂದಿನ ಗಾಲಿಗೆ ಕಲ್ಲು ತಾಕಿದಾಗ ಮಾತ್ರ ನಾನು ಉಸಿರು ಬಿಟ್ಟೆ.

ಏಳೂ ಐವತ್ತಕ್ಕೆ ಅವ್ವನನ್ನು ಗಾಲಿಕುರ್ಚಿಯಲ್ಲಿ ಒಳಗೆ ಒಯ್ದರು. ನಾನು ಹೊರಗೆ ಬಂದೆ. ಜೀಪು ಗೇಟಿನ ಬದಿಗೆ ಚಾಲೂ ಇಟ್ಟೇ ನಿಲ್ಲಿಸಿದ್ದೆ. ಚಾಚಾ ಇಳಿದು ಅದರ ಮುಂದೆ ನಿಂತಿದ್ದ.

"ಬಂದ್ ಮಾಡು," ಎಂದ.

"ಬ್ಯಾಡ್ರಿ ಚಾಚಾ. ಮತ್ತ ಚಾಲೂ ಆಗದಿದ್ರ? ಮಳಿ ಬ್ಯಾರೆ ನಿಂತಿಲ್ಲ," ಎಂದೆ ಅವನ ಬಲಗಿವಿಗೆ.

"ಬಂದ್ ಅಂದ್ರ ಬಂದ್ ಆಗತದೋ ಇಲ್ಲೋ, ಅದನ್ನೂ ನೋಡಬೇಕಲ್ಲ."

ಕಿಟಕಿಯೊಳಗೆ ಕೈ ಚಾಚಿ ತಾನೇ ಬಂದ್ ಮಾಡುವ ಗುಂಡಿ ಎಳೆದ. ಎಂಜಿನ್ ಎರಡು ಸಲ ನಡುಗಿತು. ಸುತ್ತ ಆಟೋದವರು, ಚಹಾ ಕುಡಿಯುವವರು, ಗೇಟಿನ ಕಾವಲುಗಾರ, ಎಲ್ಲರೂ ಹುಸೇನಸಾಬನನ್ನು ಬಲ್ಲವರೇ. ಅವರೆಲ್ಲರ ಎದುರಿಗೆ ಅವನು ನನ್ನ ಕಡೆ ತಿರುಗಿದ.

"ನಿಂತಿತೇನು? ನನಗ ಕೇಳಸೂದಿಲ್ಲ, ನೀ ಹೇಳು."

"ನಿಂತದರಿ ಚಾಚಾ," ಎಂದು ಜೋರಾಗಿ ಹೇಳಿದೆ.

ಇಬ್ಬರೂ ಗೇಟಿನ ಕಟ್ಟೆಯ ಮೇಲೆ ಕೂತೆವು. ಅವ್ವ ಹೊರಗೆ ಬರುವುದು ಹನ್ನೆರಡಕ್ಕೆ. ಅಲ್ಲಿಯ ತನಕ ಅದನ್ನು ಮತ್ತೊಮ್ಮೆ ಚಾಲೂ ಮಾಡಿ ನೋಡುವ ಧೈರ್ಯ ಇಬ್ಬರಿಗೂ ಆಗಲಿಲ್ಲ.