ಹೊಂಡದ ಅರಿಶಿನ

ಅಣ್ಣನ ಕೀವು ಸೊಂಪಾಗಿ ಬೆಳೆದಿತ್ತು.

ಕೀಟಾಣು ಬೆಳೆಸಲು ಅವನ ಗಾಯದ ಕೀವು ಸವರಿಟ್ಟಿದ್ದ ತಟ್ಟೆಯ ಮುಚ್ಚಳ ಎತ್ತಿದಾಗ ಮೊದಲು ಬಂದದ್ದು ವಾಸನೆ. ಕೊಳೆತ ವಾಸನೆಯಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ, ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳಿಗೆ ಅದೇನೂ ಹೊಸದಲ್ಲ. ಇದು ಸಿಹಿಯಾಗಿತ್ತು. ಡಬ್ಬಿಯಲ್ಲಿ ಹಾಕಿ ಮರೆತ ಹಣ್ಣಿನ ಹಾಗೆ, ಮೂಗಿಗೆ ಹತ್ತಿ ಗಂಟಲಿಗೆ ಇಳಿಯುವಂಥ ಸಿಹಿ. ಅಂಗೈಯಗಲದ ತಟ್ಟೆಯ ತುಂಬ ಬೂದು ಬಣ್ಣದ ಕೆನೆ ಕಟ್ಟಿತ್ತು. ಆ ಕೆನೆಯ ನಡುವೆ ಹಿಂದಿನ ದಿನ ನಾನೇ ಇಟ್ಟಿದ್ದ ಕಾಗದದ ಪುಟ್ಟ ಬಿಲ್ಲೆಗಳು, ಒಂದೊಂದರಲ್ಲಿ ಒಂದೊಂದು ಔಷಧಿ.

ಔಷಧಿ ಗೆದ್ದರೆ ಬಿಲ್ಲೆಯ ಸುತ್ತ ಕೀಟಾಣು ಬೆಳೆಯುವುದಿಲ್ಲ. ಅಲ್ಲೊಂದು ತಿಳಿಯಾದ ವೃತ್ತ ಉಳಿಯುತ್ತದೆ, ಗುಡಿಸಿಟ್ಟ ಹಾಗೆ. ನಾವು ಅದಕ್ಕೆ ಅಂಗಳ ಅನ್ನುತ್ತೇವೆ. 'ಈ ಪೇಷೆಂಟಿನ ಅಂಗಳದಲ್ಲಿ ಮದುವೆ ಮಾಡ್ಬೋದು ಕಣೆ' ಎಂದು ನಗುತ್ತೇವೆ. ಅಣ್ಣನ ತಟ್ಟೆಯಲ್ಲಿ ಅಂಗಳವೇ ಇರಲಿಲ್ಲ. ಕೆನೆ ಪ್ರತಿ ಬಿಲ್ಲೆಯ ಅಂಚಿನವರೆಗೂ ಬಂದಿತ್ತು. ಕೆಲವು ಕಡೆ ಬಿಲ್ಲೆಯ ಮೇಲೇ ಹತ್ತಿಬಿಟ್ಟಿತ್ತು, ಕರೆಯದೆ ಬಂದ ನೆಂಟರು ಹಾಸಿಗೆ ಹತ್ತಿ ಕೂತ ಹಾಗೆ.

ಅಣ್ಣ ಊರಾಚೆಯ ಸಿಗಡಿ ಹೊಂಡಗಳಲ್ಲಿ ಕೆಲಸಕ್ಕಿದ್ದ. ಸಿಗಡಿಯ ಮೂಗಿನ ಮೇಲೆ ಗರಗಸದಂಥ ಮುಳ್ಳಿರುತ್ತದೆ. ಬಲೆಯಿಂದ ಬಿಡಿಸುವಾಗ ಅದು ಅವನ ಬಲಗೈಯ ನಡುಬೆರಳಿಗೆ ಚುಚ್ಚಿತ್ತು. ಹೊಂಡದ ಕೆಲಸದವರು ಅದನ್ನು ಗಾಯವೆಂದು ಎಣಿಸುವುದೇ ಇಲ್ಲ. ಬೆರಳು ಬದನೆಕಾಯಿಯ ಹಾಗೆ ಊದಿ ಬಣ್ಣ ತಿರುಗಿದ ಮೇಲೆ ಅತ್ತಿಗೆ ಅವನನ್ನು ಬೈದುಕೊಂಡೇ ಆಸ್ಪತ್ರೆಗೆ ಎಳೆದು ತಂದಿದ್ದಳು.

"ಗಾಯಕ್ಕೆ ಏನಾದ್ರೂ ಹಚ್ಚಿದ್ರಾ?" ಎಂದು ಡಾಕ್ಟರು ಕೇಳಿದ್ದರು.

"ಏನಿಲ್ಲ ಡಾಕ್ಟ್ರೇ, ಅರಿಶಿನ ಅಷ್ಟೆ," ಎಂದಿದ್ದಳು ಅತ್ತಿಗೆ.

ಡಾಕ್ಟರು ತಲೆಯಾಡಿಸಿ ಮಾತ್ರೆ ಬರೆದರು. ಪಕ್ಕದಲ್ಲೇ ನಿಂತಿದ್ದ ನನಗೂ ಅಡುಗೆಮನೆಯ ಡಬ್ಬಿಯೇ ಕಣ್ಣಿಗೆ ಬಂದದ್ದು. ಮಾತ್ರೆಗಳು ಮುಗಿದವು, ಊತ ಮುಗಿಯಲಿಲ್ಲ. ಅದು ಬೆರಳನ್ನು ದಾಟಿ ಅಂಗೈಗೆ ಇಳಿಯಿತು. ಅಣ್ಣನಿಗೆ ಮಂಚ ಕೊಟ್ಟರು, ಕೀವು ನನ್ನ ಮೇಜಿಗೆ ಬಂತು.

ತಟ್ಟೆಯನ್ನು ಡಾಕ್ಟರಿಗೆ ತೋರಿಸಿದೆ.

"ಒಂದೂ ಇಲ್ವಾ?"

"ಒಂದೂ ಇಲ್ಲ ಸಾರ್."

ಅವರು ತಟ್ಟೆಯನ್ನು ಬೆಳಕಿಗೆ ಹಿಡಿದು, ಮೂಗು ಮುರಿದು ಕೆಳಗಿಟ್ಟರು. "ಕೊನೇ ಸಾಲಿನ ಔಷಧಿಗಳಿದಾವಲ್ಲ, ಯಾರಿಗೂ ಕೊಡದೆ ಎತ್ತಿಟ್ಟಿರೋವು, ಅವನ್ನ ಇಟ್ಟು ನೋಡಿ. ಬೆರಳಂತೂ ಹೋಯ್ತು ಅಂದ್ಕೊಳ್ಳಿ. ನಾಳೆ ಒಂದೇ ಒಂದು ಅಂಗಳ ಕಂಡ್ರೂ ಕೈ ಉಳಿಸ್ತೀನಿ. ಇಲ್ಲಾಂದ್ರೆ ಮಣಿಕಟ್ಟಿಗೇ ತೆಗೀಬೇಕಾಗುತ್ತೆ."

ಹೊಸ ತಟ್ಟೆಗೆ ಕೀವು ಸವರಿ, ಹೊಸ ಬಿಲ್ಲೆಗಳನ್ನಿಟ್ಟು, ಬೆಚ್ಚನೆಯ ಪೆಟ್ಟಿಗೆಯೊಳಗೆ ಮುಚ್ಚಿಟ್ಟೆ. ಇನ್ನು ಮರುದಿನದವರೆಗೆ ಮಾಡಲು ಏನೂ ಇರಲಿಲ್ಲ. ವಾರ್ಡಿಗೆ ಹೋದರೆ ಅಣ್ಣನಿಗೆ ಬೇರೆಯದೇ ಚಿಂತೆ.

"ಹೊಂಡದ ಹತ್ರ ನನ್ನ ಬೂಟು ಬಿಟ್ಟು ಬಂದಿದೀನಿ ಕಣೆ. ತಂದಿಡು ಮಾರಾಯ್ತಿ. ಆ ಕಳ್ಳರು ಹೊಡ್ಕೊಂಡು ಹೋಗ್ತಾರೆ."

"ಕೈ ಹೋಗೋ ಹೊತ್ತಲ್ಲಿ ಕಾಲಿನ ಚಿಂತೆ ನೋಡು ಇವರಿಗೆ," ಎಂದಳು ಅತ್ತಿಗೆ. ಎಂದವಳು ಗೋಡೆಯ ಕಡೆ ತಿರುಗಿಕೊಂಡಳು.

ಆಸ್ಪತ್ರೆಯ ಹಿಂಗೋಡೆಯಿಂದ ಒಂದು ಕೊಳವೆ ಹೊರಟು ಕಾಲುವೆಗೆ ಬೀಳುತ್ತದೆ. ನನ್ನ ಸಿಂಕಿನ ನೀರೂ ಅದರಲ್ಲೇ ಹೋಗುವುದು. ಹೊಂಡಗಳ ರಸ್ತೆ ಆ ಕಾಲುವೆಯ ದಂಡೆಯದ್ದೇ, ಆದರೆ ನಾನು ಅದನ್ನು ಯಾವತ್ತೂ ಸರಿಯಾಗಿ ನೋಡಿರಲಿಲ್ಲ. ಅವತ್ತು ಸ್ಕೂಟರು ನಿಧಾನಕ್ಕೆ ಬಿಡುತ್ತಾ ನೋಡಿದೆ. ನೀರು ಹರಿಯುತ್ತಿರಲಿಲ್ಲ, ತೆವಳುತ್ತಿತ್ತು. ಮೇಲೆ ಎಣ್ಣೆಯ ಪೊರೆ. ಪೊರೆಯಲ್ಲಿ ಸಿಕ್ಕಿಕೊಂಡ ಹತ್ತಿಯುಂಡೆಗಳು, ಮಾತ್ರೆಗಳ ಬೆಳ್ಳಿಹಾಳೆ, ಹೆಸರು ಹೇಳಲಾಗದ ಒಂದು ಲೋಳೆ. ಕಾಲುವೆ ಹೊಂಡಗಳನ್ನು ಮುಟ್ಟುವ ಕಡೆ ಪಂಪು ಕೂರಿಸಿದ್ದರು. ಅದರ ಬಾಯಿಗೆ ಕಟ್ಟಿದ ಬಲೆಯಲ್ಲಿ ಒಂದು ರಬ್ಬರ್ ಗ್ಲೌಸು ಸಿಕ್ಕಿಕೊಂಡು, ಐದು ಬೆರಳೂ ನೀರು ತುಂಬಿ ಉಬ್ಬಿ, ಬಾ ಬಾ ಎಂದು ಕರೆಯುತ್ತಿತ್ತು. ನಮ್ಮ ಆಸ್ಪತ್ರೆಯದೇ ನೀಲಿ.

"ಓಹೋ, ಲ್ಯಾಬ್ ತಂಗಿ!" ಎಂದು ಮೀಸೆ ದಂಡೆಯ ಮೇಲಿಂದ ಕೂಗಿದ. ಅಣ್ಣನ ಜೊತೆ ಕೆಲಸ ಮಾಡುವವನು. ಅವನ ಮೂತಿಯ ಮೇಲೆ ಒಂದೂ ಕೂದಲಿಲ್ಲ. ಸಿಗಡಿಯ ಮೀಸೆ ನೋಡಿ ಅದಕ್ಕೆ ಕಾಯಿಲೆಯೋ ಇಲ್ಲವೋ ಹೇಳುತ್ತಾನೆಂದು ಆ ಹೆಸರು. "ಹೆಂಗಿದಾನೆ ನಮ್ ಹೀರೋ? ಮಲಗೋಕೆ ಒಂದ್ ನೆಪ ಸಿಕ್ತಲ್ಲ ಅವನಿಗೆ."

ಅವನು ಕೂತು ಟಬ್ಬಿನಲ್ಲಿ ಸಿಗಡಿಯ ಮೇವು ಕಲಸುತ್ತಿದ್ದ. ಮೊಣಕೈವರೆಗೂ ಬರಿಗೈ. ಮೇವಿನ ಮೇಲೆ ಮೀನೆಣ್ಣೆ ಸುರಿದ, ಆಮೇಲೆ ಚೀಲದಿಂದ ಹಳದಿ ಪುಡಿ, ಮತ್ತೆ ಹಿಸುಕಿದ. ಬೆರಳ ಸಂದಿಯಿಂದ ಹಳದಿ ಕೆಸರು ಪಿಚಕ್ಕನೆ ಹೊರಬಂತು. ಹೊಂಡದ ನೊರೆಯ ನಾತ, ಸತ್ತ ಸಿಗಡಿಗಳ ನಾತ, ಎಣ್ಣೆಯ ನಾತ ಎಲ್ಲ ಸೇರಿ ಬಡಿದಾಗ ಕರ್ಚೀಫು ಮೂಗಿಗೆ ಒತ್ತಿಕೊಂಡೆ.

"ಅದೇನು ಪುಡಿ?"

"ಅರಿಶಿನ."

"ಸಿಗಡಿಗೆ ಅರಿಶಿನ ಯಾಕೆ?"

"ಅಯ್ಯೋ, ಅಡುಗೆ ಅರಿಶಿನ ಅಲ್ವೇ ತಾಯಿ. ಔಷಧಿ. ಇದ್ ಹಾಕ್ದಿದ್ರೆ ವಾರದಲ್ಲಿ ಹೊಂಡಕ್ಕೆ ಹೊಂಡವೇ ಮಗುಚಿಕೊಳ್ಳುತ್ತೆ. ಹಳದಿ ಇದೆಯಲ್ಲ, ಅದಕ್ಕೆ ಅರಿಶಿನ ಅಂತೀವಿ. ನಿಮ್ಮಣ್ಣಂದೇ ನಾಮಕರಣ." ಅವನು ತನ್ನ ಹೆಬ್ಬೆರಳ ಬುಡದ ಒಂದು ಸೀಳನ್ನು ತೋರಿಸಿದ. ಸೀಳಿನೊಳಗೆ ಹಳದಿ ಗಟ್ಟಿಯಾಗಿ ಕೂತಿತ್ತು. "ಗಾಯ ಆದ್ರೂ ಇದೇ ಒಂದ್ ಚಿಟಿಕೆ ಒತ್ತೋದು. ಮನೆಗೂ ಒಂದ್ ಡಬ್ಬಿ ತುಂಬ್ಕೊಂಡು ಹೋಗಿದಾನಲ್ಲ ಅವನು."

ನಾನು ಬೂಟು ತೆಗೆದುಕೊಳ್ಳುವುದನ್ನು ಮರೆತು ನಿಂತೆ. ಪುಡಿಯ ಚೀಲದ ಮೇಲಿನ ಹೆಸರು ಓದಿದೆ, ಡಾಕ್ಟರು ಬರೆದ ಮಾತ್ರೆಯೂ ಇದೇ ಔಷಧಿಯದು. ಆ ಕೀಟಾಣುಗಳು ನಮ್ಮ ಕೊಳವೆಯಿಂದ ಹೋದವೋ, ಹೊಂಡದಲ್ಲೇ ಹುಟ್ಟಿದವೋ, ಅಂತೂ ಈ ಪುಡಿಯನ್ನು ಉಂಡೇ ಔಷಧಿಗೆ ಬಗ್ಗದಷ್ಟು ಬಲಿತಿದ್ದವು. ಅಣ್ಣ ಅವನ್ನು ಗಾಯದೊಳಗೆ ಕರೆದು, ಮೇಲೆ ಅವುಗಳ ಊಟವನ್ನೂ ಒತ್ತಿದ್ದ. ಆಸ್ಪತ್ರೆಯಲ್ಲಿ ನಾವು ಅದನ್ನೇ ಎರಡನೇ ಸಲ ಬಡಿಸಿದ್ದೆವು. ಎಲ್ಲ ಒಂದು ಅರಿಶಿನದಿಂದ.

ವಾಪಸು ಬಂದು ಡಾಕ್ಟರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ನಾಳೆ ತಟ್ಟೆ ನೋಡೋಣ," ಎಂದಷ್ಟೇ ಹೇಳಿದರು.

ಬೆಳಿಗ್ಗೆ ಪೆಟ್ಟಿಗೆಯ ಬಾಗಿಲು ತೆರೆದು ತಟ್ಟೆ ಎತ್ತಿಕೊಂಡೆ. ಅದೇ ಸಿಹಿ ವಾಸನೆ, ಅದೇ ಬೂದು ಕೆನೆ. ಮೊದಲ ಬಿಲ್ಲೆಗೆ ಇಲ್ಲ. ಅದರ ಪಕ್ಕದ್ದಕ್ಕೂ ಇಲ್ಲ. ಕೊನೆಯಲ್ಲಿ, ಅಂಚಿಗೆ ಒತ್ತಿಕೊಂಡಿದ್ದ ಬಿಲ್ಲೆಯ ಸುತ್ತ ಒಂದು ತಿಳಿಯಾದ ಉಂಗುರ. ಉಗುರಗಲದ ಅಂಗಳ. ಅಷ್ಟು ಚಿಕ್ಕ ಜಾಗವನ್ನು ನಾನು ಜೀವಮಾನದಲ್ಲಿ ಅಷ್ಟು ಹೊತ್ತು ನೋಡಿದ್ದಿಲ್ಲ.

ಬೆರಳು ಹೋಯಿತು. ಕೈ ಉಳಿಯಿತು. ಆ ಬಿಲ್ಲೆಯ ಔಷಧಿಯನ್ನೇ ಅಣ್ಣನ ನರಕ್ಕೆ ಹನಿಹನಿಯಾಗಿ ಬಿಟ್ಟರು, ಊತ ಇಳಿಯಿತು. ಅವನ ನಾಲಿಗೆಯೂ ಮೊದಲಿನ ಸ್ಥಿತಿಗೆ ಬಂತು. "ಗ್ಲೌಸ್ ಕೊಳ್ಳೋಕೆ ಹೋದ್ರೆ ಅಂಗಡಿಯವ ಐದು ಬೆರಳಿಗೂ ದುಡ್ಡು ಕೇಳ್ತಾನಲ್ಲೇ," ಎಂದ. ಅತ್ತಿಗೆ ನಕ್ಕಳು. ಅವಳು ನಕ್ಕು ಎಷ್ಟೋ ದಿನವಾಗಿತ್ತು.

ಬಿಡುಗಡೆಗೆ ಮುಂಚಿನ ಮಧ್ಯಾಹ್ನ ಮೀಸೆ ಬಂದ. ಒಂದು ಕೈಯಲ್ಲಿ ಅಣ್ಣನ ಬೂಟು, ಇನ್ನೊಂದರಲ್ಲಿ ತೊಟ್ಟಿಕ್ಕುವ ದಪ್ಪ ಪ್ಲಾಸ್ಟಿಕ್ ಚೀಲ. ಒಳಗೆ ಸಿಗಡಿ.

"ನಿನಗೇ ಅಂತ ಆರಿಸಿ ತಂದಿದೀನಿ ಕಣೋ. ಹೆಂಗಿದಾವೆ ನೋಡು, ಒಂದೊಂದೂ ಪೈಲ್ವಾನು. ಹಳೇ ಅರಿಶಿನ ನಾಟ್ತಾನೇ ಇರ್ಲಿಲ್ಲ, ಅವುಗಳ ಮೀಸೆ ಎಲ್ಲ ಉದುರಿ ಹೋಗ್ತಿದ್ವು. ಧಣಿ ಹೊಸದು ತರಿಸಿದ್ರು. ಬೆಳ್ಳಗಿದೆ. ಸಕ್ಕರೆ ಅಂತೀವಿ."

"ಗಾಯಕ್ಕೆ ಹಾಕಿ ನೋಡಿದ್ರಾ?" ಎಂದ ಅಣ್ಣ. ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು, ನಿಜವಾದ ಆಸಕ್ತಿಯಿಂದ.

"ಹಾಕ್ದೆ ಇರ್ತೀವಾ? ನನ್ನ ಹೆಬ್ಬೆರಳು ನೋಡು. ಮಾಯ!"

ಚೀಲದ ಮೇಲೆ ದೊಡ್ಡ ಅಕ್ಷರಗಳಿದ್ದವು. ಮೇವಿನ ಔಷಧಿ ಬಂದ ಚೀಲವನ್ನೇ, ಗಟ್ಟಿಯಾಗಿದೆಯೆಂದು, ಸಿಗಡಿ ತುಂಬಲು ತಂದಿದ್ದ. ಅದರ ಮೇಲಿನ ಹೆಸರು ಓದಿದೆ. ತಲೆಯೆತ್ತಿ ಅಣ್ಣನ ಮಂಚದ ಪಕ್ಕದ ಕಂಬಿಗೆ ತೂಗುತ್ತಿದ್ದ ಸೀಸೆಯ ಮೇಲಿನ ಹೆಸರು ಓದಿದೆ. ಒಂದೇ ಹೆಸರು.

"ಅಣ್ಣಾ, ನಿನ್ನ ಕೈ ಉಳಿಸಿದ್ದು ಇದೇ ಔಷಧಿ ಕಣೋ."

"ಹಂಗಾದ್ರೆ ಒಳ್ಳೇದೇ ಆಯ್ತಲ್ಲ!" ಎಂದು ಅವನು ಮೀಸೆಯ ಕಡೆ ಹುಬ್ಬು ಹಾರಿಸಿದ. "ನಂಗೆ ಕೊಡೋದನ್ನೇ ಅವಕ್ಕೂ ಕೊಡ್ತಾರೆ ಅಂದ್ರೆ ಒರಿಜಿನಲ್ ಮಾಲು."

"ಇನ್ನೊಂದ್ ಸಲ ಚುಚ್ಚಿದ್ರೆ ತಟ್ಟೇಲಿ ಇಡೋಕೆ ನನ್ನ ಹತ್ರ ಬೇರೆ ಬಿಲ್ಲೆ ಇಲ್ಲ."

"ಬಿಡ್ತು ಅನ್ನೇ," ಎಂದಳು ಅತ್ತಿಗೆ. ಚೀಲದೊಳಗೆ ಇಣುಕಿ ನೋಡಿದಳು. "ಚೆನ್ನಾಗಿದಾವೆ. ಮನೆಗೋಗಿ ಹುರ್ಕೊಂಡು ಬರ್ಲಾ? ಆಸ್ಪತ್ರೆ ಗಂಜಿ ಕುಡಿದು ಇವರ ಬಾಯಿ ಕೆಟ್ಟೋಗಿದೆ."

ನಾನು ಅವಳ ಕೈಯಿಂದ ಚೀಲ ಕಿತ್ತುಕೊಂಡೆ. ಮೂವರೂ ನನ್ನನ್ನು ನೋಡಿದರು, ಹುಚ್ಚು ಹಿಡಿದವಳನ್ನು ನೋಡುವ ಹಾಗೆ. "ಬೂಟು ಹಾಕ್ಕೋಬೇಡ ನೀನು," ಎಂದು ಅಣ್ಣನಿಗೆ ಹೇಳಿದೆ. ಅವನು ಆಗಲೇ ಉಳಿದ ಬೆರಳುಗಳಿಂದ ಒಂದು ಬೂಟನ್ನು ಎತ್ತಿ, ಒಳಗೆ ಜಿರಲೆಯಿದೆಯೇ ಎಂದು ಕೊಡವಿ ನೋಡುತ್ತಿದ್ದ.

ಕಾರಿಡಾರಿನಲ್ಲಿ ಚೀಲ ತೊಟ್ಟಿಕ್ಕಿತು, ನನ್ನ ಪಾದದ ಮೇಲೂ ಬಿತ್ತು. ಕಸದ ಡಬ್ಬಿಗೆ ಹಾಕಿದರೆ ಬೆಕ್ಕುಗಳು. ಹಿಂದುಗಡೆ ಎಸೆದರೆ ಕೊಳವೆ, ಕಾಲುವೆ, ಪಂಪು, ಮತ್ತೆ ಹೊಂಡ. ಎಸೆಯುವುದಕ್ಕೆ ಇಡೀ ಕಟ್ಟಡದಲ್ಲಿ ಒಂದು ಹೊರಗು ಅನ್ನುವುದಿರಲಿಲ್ಲ. ಕೊನೆಗೆ ಪ್ರಯೋಗಾಲಯಕ್ಕೆ ಬಂದು, ಕೀವಿನ ಹಳೆಯ ತಟ್ಟೆಗಳನ್ನು ಎಸೆಯುವ ಮುಂಚೆ ಬೇಯಿಸಿ ಕೊಲ್ಲುವ ದೊಡ್ಡ ಉಗಿಪಾತ್ರೆಯೊಳಗೆ ಚೀಲವನ್ನು ತುರುಕಿದೆ. ಅಣ್ಣನ ತಟ್ಟೆಗಳನ್ನೂ ಅದರ ಜೊತೆಗೇ ಇಟ್ಟು ಮುಚ್ಚಳ ಬಿಗಿದೆ.

ಉಗಿ ಏರಿತು. ಸ್ವಲ್ಪ ಹೊತ್ತಿಗೆ ಕೋಣೆಯ ತುಂಬ ಬೆಂದ ಸಿಗಡಿಯ ವಾಸನೆ ಹರಡಿತು. ಬಾಗಿಲಲ್ಲಿ ಎಕ್ಸ್‌ರೇಯವನ ತಲೆ ಕಾಣಿಸಿತು.

"ಏನ್ ಘಮ ಮೇಡಂ! ಒಳಗೇ ಹೋಟ್ಲು ಶುರು ಮಾಡಿದ್ರಾ? ನಂಗೂ ಒಂದ್ ತಟ್ಟೆ ಇಡಿ."

ಬಾಗಿಲು ಹಾಕಿಕೊಂಡೆ. ಆಮೇಲೆ ಗೊತ್ತಾಯಿತು, ನನ್ನ ಬಾಯಲ್ಲಿ ನೀರೂರುತ್ತಿತ್ತು. ನಾಲಿಗೆಯ ಕೆಳಗೆ ತುಂಬಿ ನಿಂತಿತ್ತು. ಉಗಿಯಲು ಸಿಂಕಿಗೆ ಓಡಿ ಬಗ್ಗಿದೆ. ಸಿಂಕಿನ ತೂತು ಕಪ್ಪಗೆ ನನ್ನನ್ನೇ ನೋಡುತ್ತಿತ್ತು.

ಆ ನೀರು ಎಲ್ಲಿಗೆ ಹೋಗುತ್ತದೆಂದು ನೆನಪಾಯಿತು. ನುಂಗಿದೆ.